ಗೋಡೆ ಹಿಂದಿನ ಮೂವತ್ತಡಿ

ಅಲ್ಲ ಅತ್ತಿಗೆ, ರುಜು ಹಾಕಬೇಕಾದರೆ ಮೊದಲು ಆ ದಬ್ಬಣ ಕೆಳಗಿಡಬೇಕು. ಒಂದು ಕೈಯಲ್ಲಿ ದಬ್ಬಣ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಯಾರೂ ಇದುವರೆಗೆ ರುಜು ಹಾಕಿದ್ದು ನಾನು ಕಂಡಿಲ್ಲ. ಚೀಲ ಎಲ್ಲೂ ಓಡಿಹೋಗಲ್ಲ. ಇಡಿ... ಸರಿ, ಆ ಮೂಲೆ ಮುಗಿಸಿಯೇ ಇಡಿ. ಕಾಯ್ತೀನಿ. ಈಗ ಹತ್ತೂಕಾಲು. ತಾಲ್ಲೂಕು ಕಚೇರಿ ಸಾಹೇಬರು ಬರೋದು ಹನ್ನೊಂದಕ್ಕೆ.

ನಗೋದೇನು ಬಂತು ಇದರಲ್ಲಿ?

ಇಲ್ಲ, ಸ್ಟೂಲು ಬೇಡ. ಅದರ ಒಂದು ಕಾಲು ಗಿಡ್ಡ. ಗೊತ್ತು, ಗೊತ್ತು, ನಾನೇ ಕೊಟ್ಟಿದ್ದು. ಇಲ್ಲೇ ಚೀಲದ ಕಟ್ಟಿನ ಮೇಲೆ ಕೂತ್ಕೋತೀನಿ. ಮೂವತ್ತೈದು ವರ್ಷ ಹರಕಲು ಗೋಣಿಚೀಲ ಕೊಂಡು, ತೇಪೆ ಹಾಕಿಸಿ ಮಾರಿದವನಿಗೆ ಇದಕ್ಕಿಂತ ಮೆತ್ತನೆಯ ಆಸನ ಎಲ್ಲಿ ಸಿಗುತ್ತೆ.

ಇನ್ನೊಂದು ಸಲ ಹೇಳ್ತೀನಿ, ಕೇಳಿ. ಅಂಗಡಿ ಇರೋದು ನಮ್ಮ ಜಾಗದಲ್ಲಿ. ಅಂಗಡಿಯ ಹಿಂದಿನ ಗೋಡೆಗೆ ನಮ್ಮ ಜಾಗ ಮುಗೀತು. ಆ ಗೋಡೆಯಿಂದ ಕಾಲುವೆಯವರೆಗೆ, ಅಂದರೆ ಈ ಶೆಡ್ಡು, ನೀವಿರೋ ರೂಮು, ಆ ನಲ್ಲಿ, ಬಟ್ಟೆ ಒಣಗಿಸೋ ತಂತಿ... ಅಗಲ ಮೂವತ್ತಡಿ, ಉದ್ದ ಎಪ್ಪತ್ತಡಿ... ಇದೆಲ್ಲ ಸರ್ಕಾರದ್ದು. ಆಗಿತ್ತು. ಹೋದ ವಾರದವರೆಗೆ ಆಗಿತ್ತು. ಈಗ ಮಂಜೂರಾಗಿದೆ. ನಮಗೆ.

ಯಾಕೆ ಹಾಗೆ ನೋಡ್ತೀರಿ? ನಮಗೆ ಅಂದರೆ ನಮಗೆ. ಮನೆಗೆ.

ಸರಿ, ಕಾಗದದಲ್ಲಿ ನಿಮ್ಮ ಹೆಸರಿದೆ. ಕಾಗದ ಅಂದಮೇಲೆ ಯಾರದಾದರೂ ಒಂದು ಹೆಸರು ಇರಲೇಬೇಕಲ್ಲ. ‘ಮನೆಯವರೆಲ್ಲ’ ಅಂತ ಬರೆಯೋಕೆ ಅಲ್ಲಿ ಜಾಗ ಬಿಟ್ಟಿರಲ್ಲ.

ಆಶ್ಚರ್ಯ ಆಯ್ತಾ? ಆಗಿಲ್ವಾ? ಆಗಬೇಕಿತ್ತು. ನಾನು ಆಗುತ್ತೆ ಅಂದ್ಕೊಂಡೇ ಬಂದೆ.

ನಾವು ಇದನ್ನ ಹೊಡ್ಕೊಂಡಿದ್ದಲ್ಲ ಅತ್ತಿಗೆ, ಅದನ್ನ ಮೊದಲು ತಿಳ್ಕೊಳ್ಳಿ. ಮೊದಲು ಒದ್ದೆ ಚೀಲ ಒಣಗೋಕೆ ಅಂತ ಗೋಡೆಯಾಚೆ ಹರವಿದೆವು. ಮಳೆ ಬಂತು, ತಾರ್ಪಾಲು ಕಟ್ಟಿದೆವು. ತಾರ್ಪಾಲು ಹಾರಿಹೋಗುತ್ತೆ ಅಂತ ನಾಲ್ಕು ಕಂಬ. ಕಂಬ ವಾಲುತ್ತೆ ಅಂತ ಗೋಡೆ. ಗೋಡೆ ಬರಿದಾಗಿದೆ ಅಂತ ಬಾಗಿಲು. ಇದರಲ್ಲಿ ಒತ್ತುವರಿ ಎಲ್ಲಿದೆ ಹೇಳಿ? ಒಂದಕ್ಕೊಂದು ಆಸರೆ, ಅಷ್ಟೇ. ಅಷ್ಟರಲ್ಲಿ ಅಣ್ಣ ಹೋದ. ನಿಮ್ಮನ್ನೂ ಮಗುವನ್ನೂ ನಾನು ಬೀದಿಗೆ ಬಿಟ್ಟೆನಾ? ಇಲ್ಲ. ಇಲ್ಲಿಗೆ ಬಿಟ್ಟೆ. ಅಂಗಡಿ ಇಬ್ಬರದೂ ಅಂತ ಅಣ್ಣ ಹೇಳ್ತಿದ್ದ, ನಿಜ. ಬಾಯಲ್ಲಿ ಹೇಳ್ತಿದ್ದ. ಪತ್ರದಲ್ಲಿ ಇದ್ದದ್ದು ನನ್ನ ಹೆಸರು. ನಾನು ಬಾಯಿಯನ್ನು ನಂಬಿ ವ್ಯಾಪಾರ ಮಾಡಿದವನಲ್ಲ... ಅದು ಬಿಡಿ, ಅದು ಇವತ್ತಿನ ಮಾತಲ್ಲ.

ದಂಡದ ವಿಷಯ ಹೇಳ್ತಿದ್ದೆ.

ಹೇಳ್ತಿರಲಿಲ್ವಾ? ಹಾಗಾದರೆ ಈಗ ಹೇಳ್ತೀನಿ. ಸರ್ಕಾರಿ ಜಾಗದಲ್ಲಿ ಕೂತವರಿಗೆ ವರ್ಷಕ್ಕೊಂದು ಸಲ ದಂಡ ಹಾಕ್ತಾರೆ. ಜನ ಅದನ್ನ ತಪ್ಪಿಸ್ಕೊಳ್ಳೋಕೆ ಊರೆಲ್ಲ ಓಡಾಡ್ತಾರೆ. ನಾನು? ವರ್ಷದ ಕೊನೆ ಬಂತೂಂದ್ರೆ ನಾನೇ ಕಚೇರಿಗೆ ಹೋಗಿ, ‘ಸ್ವಾಮಿ, ಈ ಸಲ ನಮಗೆ ದಂಡ ಹಾಕೋದು ಮರೆತಿದ್ದೀರಿ’ ಅಂತ ನೆನಪಿಸ್ತಿದ್ದೆ. ದಂಡ ಕಟ್ಟೋಕೆ ಸಾಲಿನಲ್ಲಿ ನಿಂತು, ಮುಂದಿನವನು ತಡ ಮಾಡಿದರೆ ಜಗಳ ಆಡ್ತಿದ್ದೆ. ಯಾಕೆ ಹೇಳಿ? ಆ ರಸೀದಿಗಿಂತ ದೊಡ್ಡ ಸಾಕ್ಷಿ ಇಲ್ಲ. ಈ ವ್ಯಕ್ತಿ ಈ ವರ್ಷವೂ ಇದೇ ಜಾಗದಲ್ಲಿದ್ದು ಇದೇ ತಪ್ಪು ಮಾಡಿದ್ದಾರೆ ಅಂತ ಸರ್ಕಾರವೇ ಮೊಹರು ಒತ್ತಿ ಕೊಡುತ್ತೆ. ಹಾಗೆ ಹತ್ತೊಂಬತ್ತು ರಸೀದಿ. ಒಂದು ವರ್ಷವೂ ತಪ್ಪಿಲ್ಲ. ಆಮೇಲೆ ನಿಯಮ ಬಂತು: ಹದಿನೈದು ವರ್ಷದಿಂದ ಸ್ವಾಧೀನದಲ್ಲಿರಬೇಕು, ಬೇರೆಲ್ಲೂ ಸ್ವಂತದ್ದು ಒಂದಡಿ ಜಾಗ ಇರಬಾರದು, ಅಂಥವರು ಅರ್ಜಿ ಹಾಕಿದರೆ ಜಾಗ ಅವರಿಗೇ ಮಂಜೂರು. ನನಗೆ ಅಂಗಡಿ ಇದೆ, ಮನೆ ಇದೆ, ನಾನು ಬರಲ್ಲ. ನಿಮಗೆ ಎಲ್ಲೂ ಒಂದಡಿ ಇಲ್ಲ. ಇಲ್ಲದ ಹಾಗೆ ನಾನೇ ನೋಡ್ಕೊಂಡಿದ್ದೀನಲ್ಲ.

ಅಂದರೆ... ನೋಡ್ಕೊಂಡಿದ್ದೀನಿ ಅಂದರೆ, ಬೇಕಾಗದ ಹಾಗೆ ನೋಡ್ಕೊಂಡಿದ್ದೀನಿ ಅಂತ.

ಅರ್ಜಿಗೆ ನೀವೇ ರುಜು ಹಾಕಿದ್ದೀರಿ. ಹೌದು, ನಲ್ಲಿ ಹಾಕಿಸೋಕೆ ಅಂತ ಹೇಳಿದ್ದೆ. ನಲ್ಲಿಯೂ ಬಂತಲ್ಲ! ಅಲ್ಲೇ ಎದುರಿಗೇ ಇದೆ, ನೀರು ಬರ್ತಿದೆ. ನಾನು ಹೇಳಿದ್ದು ಯಾವುದು ಸುಳ್ಳಾಯ್ತು?

ಈಗ ಕಷ್ಟ ಎಲ್ಲಿ ಅಂದರೆ, ಷರತ್ತಿನಲ್ಲಿ. ಮಂಜೂರಾದ ಜಾಗವನ್ನ ಹದಿನೈದು ವರ್ಷ ಮಾರುವಂತಿಲ್ಲ, ಬರೆದುಕೊಡುವಂತಿಲ್ಲ. ಮಂಜೂರಾದವರೇ ಅಲ್ಲಿರಬೇಕು. ಬೇರೆ ಯಾರಾದರೂ ‘ಇದು ನನ್ನದು’ ಅಂತ ಅಲ್ಲಿ ಯಜಮಾನಿಕೆ ಮಾಡೋದು ಕಂಡರೆ ಎಲ್ಲ ರದ್ದು, ಜಾಗ ವಾಪಸ್ ಸರ್ಕಾರಕ್ಕೆ. ಅದಕ್ಕೇ ಸಾಹೇಬರು ಇವತ್ತು ಖುದ್ದಾಗಿ ಬರೋದು. ಒಲೆ ನೋಡ್ತಾರೆ, ಹಾಸಿಗೆ ನೋಡ್ತಾರೆ, ತಂತಿ ಮೇಲೆ ಯಾರ ಬಟ್ಟೆ ಇದೆ ಅಂತ ನೋಡ್ತಾರೆ. ನೀವೇ ಇರೋದು ಅಂತ ಖಾತ್ರಿ ಆದರೆ ಹಕ್ಕುಪತ್ರ ನಿಮ್ಮ ಕೈಗೇ ಕೊಡ್ತಾರೆ. ನನ್ನ ಕೈಗೆ ಕೊಡಿ ಸ್ವಾಮಿ, ತಲುಪಿಸ್ತೀನಿ ಅಂದೆ. ಆಗಲ್ವಂತೆ.

ಅದಕ್ಕೇ ಈ ಎರಡು ಕಾಗದ, ಅವರು ಬರೋಕೆ ಮುಂಚೆ. ಇದು ಉಯಿಲು. ನಿಮ್ಮ ನಂತರ ಈ ಜಾಗ ಮೈದುನನಿಗೆ. ಮಾರಾಟ ಅಲ್ಲ, ದಾನ ಅಲ್ಲ, ಷರತ್ತಿಗೆ ತಾಗೋದೇ ಇಲ್ಲ. ನಿಮಗೆ ಐವತ್ತೆಂಟು, ನನಗೆ ಐವತ್ತಾರು. ಯಾರು ಮೊದಲೋ ಯಾರು ಹಿಂದೋ ಹೇಳೋಕಾಗಲ್ಲ ಅಂತ ನನ್ನ ಮಗನ ಹೆಸರೂ ಸೇರಿಸಿದ್ದೀನಿ. ನೀವು ಅದರ ಬಗ್ಗೆ ಚಿಂತೆ ಮಾಡಬೇಕಾಗಿಲ್ಲ.

ಇದಾ? ಇದು ಖಾಲಿ ಕಾಗದ. ಉಯಿಲನ್ನ ನಾಳೆ ಬದಲಾಯಿಸಬಹುದು ಅಂತ ವಕೀಲ ಹೇಳಿದ, ಅದಕ್ಕೆ ಜೊತೆಯಲ್ಲಿ ಇದೊಂದು ಇರಲಿ ಅಂತ. ಖಾಲಿ ಕಾಗದಕ್ಕೆ ಯಾರಾದರೂ ಹೆದರ್ತಾರಾ? ಬೇಕಾದರೆ ಓದಿ ನೋಡಿ. ನಿಮಗೆ ವಿರುದ್ಧವಾಗಿ ಒಂದಕ್ಷರ ಇಲ್ಲ.

ಮತ್ತೆ ನಕ್ಕಿರಿ.

ಕಣ್ಣು ಕಾಣಿಸ್ತಿಲ್ವಾ? ಕನ್ನಡಕ ಬದಲಾಯಿಸಬೇಕಾ? ಬದಲಾಯಿಸೋಣ. ಅದಲ್ಲ... ಹಾಗಾದರೆ ಮಗಳು ಏನಾದರೂ ಹೇಳಿದಳಾ? ಅವಳು ದಾದಿ, ಆಸ್ಪತ್ರೆಯಲ್ಲಿ ಜನರ ಜ್ವರ ನೋಡಲಿ. ಜಾಗದ ಜ್ವರ ಅವಳಿಗೆ ಯಾಕೆ? ಅವಳು ಹೇಳಿದ್ದಲ್ವಾ? ನೋಡಿ, ತಲೆಯಾದರೂ ಆಡಿಸಿ, ನಾನೇನು ಗೋಡೆ ಜೊತೆ ಮಾತಾಡ್ತಿದ್ದೀನಾ!

ನಿಮ್ಮನ್ನ ಇಲ್ಲಿಂದ ಎಬ್ಬಿಸ್ತೀನಿ ಅಂತ ಭಯನಾ? ಯಾಕೆ ಎಬ್ಬಿಸಲಿ? ನೀವೆದ್ದರೆ ಷರತ್ತು ಮುರಿಯುತ್ತೆ. ಹದಿನೈದು ವರ್ಷ ನಿಮ್ಮನ್ನ ಇಲ್ಲಿಂದ ಅಲ್ಲಾಡಿಸೋಕೆ ನನಗೆ ಧೈರ್ಯ ಇಲ್ಲ. ಆಮೇಲೆ... ಆಮೇಲೆ ಎಪ್ಪತ್ಮೂರು ಆಗಿರುತ್ತೆ ನಿಮಗೆ. ಆ ವಯಸ್ಸಿನಲ್ಲಿ ಯಾರು ಶೆಡ್ಡಿನಲ್ಲಿರ್ತಾರೆ?

ಎಲ್ಲಿರ್ತಾರೆ ಅಂತನಾ? ಅದು... ಮಗಳ ಮನೆ ಅಂತ ಒಂದು ಇರುತ್ತಲ್ಲ.

ಕೋಪ ಬೇಡ. ನಾನು ಸುತ್ತಿ ಬಳಸಿ ಮಾತಾಡೋನಲ್ಲ. ಈ ಶೆಡ್ಡಿಲ್ಲದೆ ನನ್ನ ವ್ಯಾಪಾರ ಇಲ್ಲ. ಮುಂದಿನ ಅಂಗಡಿಯಲ್ಲಿ ಇನ್ನೂರು ಚೀಲ ಇಟ್ಟರೆ ನನಗೆ ನಿಲ್ಲೋಕೆ ಜಾಗ ಇರಲ್ಲ. ಲಾರಿ ಬಂದು ನಿಲ್ಲೋದು ಇಲ್ಲಿ, ಸರಕು ಇಳಿಯೋದು ಇಲ್ಲಿ, ಒಣಗೋದು ಇಲ್ಲಿ, ಹೊಲಿಗೆ ಆಗೋದು ಇಲ್ಲಿ. ನಾಳೆ ಬೆಳಿಗ್ಗೆ ನೀವು ಆ ಗೇಟಿಗೆ ಒಂದು ಬೀಗ ಹಾಕಿದರೆ ನಾನು ಬರೀ ನಾಮಫಲಕ ಇಟ್ಕೊಂಡು ಕೂರಬೇಕು. ನೀವು ಹಾಕಲ್ಲ. ಗೊತ್ತು ಹಾಕಲ್ಲ... ಹಾಕಲ್ಲ ಅಲ್ವಾ?

ಒಂದು ಮಾತು ಕೇಳ್ತೀನಿ, ನನ್ನ ಮುಖ ನೋಡಿ. ನಿಮಗೆ ನನ್ನ ಮೇಲೆ ನಂಬಿಕೆ ಇಲ್ವಾ? ಈ ಹೆಸರು ಹಾಕಿಸಿದವನು ಯಾರು? ನಾನು! ಮೊದಲನೇ ರಸೀದಿಯಿಂದ ನಿಮ್ಮ ಹೆಸರು. ಗಂಡನಿಲ್ಲದ ಹೆಂಗಸು, ಕೈಯಲ್ಲಿ ನಾಲ್ಕು ವರ್ಷದ ಕೂಸು, ಮುಂದೆ ಒಂದು ದಿನ ಇವಳಿಗೆ ಒಂದು ನೆಲೆ ಆಗಲಿ ಅಂತ ಹತ್ತೊಂಬತ್ತು ವರ್ಷದ ಹಿಂದೆಯೇ ಯೋಚನೆ ಮಾಡಿ...

ಯಾಕೆ, ಕೈ ನಿಂತುಹೋಯ್ತು?

ಇಷ್ಟು ಹೊತ್ತು ಎಷ್ಟು ಹೇಳಿದರೂ ನಿಲ್ಲದ ಕೈ... ಏನಂದೆ ನಾನು? ಹತ್ತೊಂಬತ್ತು ವರ್ಷ ಅಂದೆ. ಅದಕ್ಕಾ?

ಓ. ಕಚೇರಿಗೆ ಕರೆಸಿದ್ರಲ್ಲ, ಅದಾ. ಆವತ್ತು ನಾನು ಊರಲ್ಲಿರಲಿಲ್ಲ ಅತ್ತಿಗೆ. ಹೇಳಿದ್ದೆನಲ್ಲ. ಸರಕು ನೋಡೋಕೆ ಹೋಗಿದ್ದೆ. ವಾಪಸ್ ಬಂದಮೇಲೆ ಗೊತ್ತಾಯ್ತು, ನಿಮ್ಮನ್ನ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಬೆಂಚಿನ ಮೇಲೆ ಕೂರಿಸಿದ್ರು ಅಂತ. ಮಗು ಮಡಿಲಲ್ಲಿತ್ತು ಅಂತ. ಗೊತ್ತಾದ ಕೂಡಲೇ ಬೇಜಾರಾಯ್ತು. ಮೊದಲನೇ ದಂಡ ಕಟ್ಟಿ ಕೇಸು ಬಿಡಿಸಿದವನೂ ನಾನೇ. ಮಾರನೇ ದಿನ ಕಟ್ಟಿದೆ, ಆದರೂ ಕಟ್ಟಿದೆ.

ಏನು ಕೇಳಿದ್ರು ಆವತ್ತು ನಿಮ್ಮನ್ನ? ನೀವು ಹೇಳಲೇ ಇಲ್ಲ. ನಾನೂ ಕೇಳಲಿಲ್ಲ... ಬರೀ ಕೇಳಿದ್ರಾ, ಇಲ್ಲ... ಏನಾದರೂ ತೋರಿಸಿದ್ರಾ?

ತೋರಿಸಿದ್ರಾ ಅತ್ತಿಗೆ?

ಓದಿದ್ರಾ?

ಆ ಹೇಳಿಕೆ ವಕೀಲ ಬರೆದಿದ್ದು. ನಾನು ರುಜು ಮಾತ್ರ ಹಾಕಿದ್ದು. ನನ್ನ ರುಜು ಅಂತ ಗುರುತು ಹಿಡಿದ್ರಾ... ಹಿಡೀತೀರಿ, ಎಷ್ಟು ಸಲ ನೋಡಿದ್ದೀರಿ. ನೋಡಿ, ಅದಕ್ಕೂ ಮುಂಚೆ ಅಂಗಡಿಗೆ ನನ್ನ ಹೆಸರಿಗೆ ಬಂದ ನೋಟಿಸಿನಲ್ಲಿ ಏನಿತ್ತು ಗೊತ್ತಾ? ಸರ್ಕಾರಿ ಜಾಗ ಅತಿಕ್ರಮಿಸಿದವರಿಗೆ ಒಂದು ವರ್ಷ ಜೈಲು. ಜೈಲು! ನನ್ನ ಮಗ ಹುಟ್ಟಿ ಆಗ ಇಪ್ಪತ್ತು ದಿನ. ಅಂಗಡಿ ಯಾರು ನೋಡೋರು? ಹೆಂಗಸರನ್ನ ಒಳಗೆ ಹಾಕಲ್ಲ ಅಂದ ವಕೀಲ. ಬಹುಮಟ್ಟಿಗೆ ಹಾಕಲ್ಲ ಅಂದ. ಆ ‘ಬಹುಮಟ್ಟಿಗೆ’ ಅನ್ನೋದನ್ನ ನಾನು ಅಷ್ಟಾಗಿ ಕಿವಿಗೆ ಹಾಕ್ಕೊಳ್ಳಲಿಲ್ಲ, ಅದು ನನ್ನ ತಪ್ಪು, ಒಪ್ಕೋತೀನಿ. ಎರಡೇ ಸಾಲು ಅದು. ‘ಸದರಿ ಶೆಡ್ಡನ್ನು ಕಟ್ಟಿಕೊಂಡು ವಾಸವಾಗಿರುವವರು ಈ ಹೆಂಗಸು. ನನಗೂ ಇವರಿಗೂ ಯಾವ ಸಂಬಂಧವೂ ಇಲ್ಲ.’ ಅಷ್ಟೇ. ಜೈಲಿಂದ ತಪ್ಪಿಸ್ಕೊಳ್ಳೋಕೆ ಬರೆದ ಎರಡು ಸಾಲು.

ಹಾಗಾದರೆ ಗೊತ್ತಿತ್ತು ನಿಮಗೆ. ಆವತ್ತಿಂದ.

ದಿನಾ ನಾಲ್ಕು ಗಂಟೆಗೆ ನಿಮ್ಮ ಕೈಯಿಂದ ಚಹಾ ಕುಡಿದಿದ್ದೀನಲ್ಲ ನಾನು? ಹತ್ತೊಂಬತ್ತು ವರ್ಷ. ಸಕ್ಕರೆ ಕಮ್ಮಿ ಆಯ್ತು ಅಂತ ಬೈದಿದ್ದೀನಿ. ಬೈದಾಗಲಾದರೂ ಒಂದು ಮಾತು... ಕೇಳಿದ್ದಿದ್ದರೆ ಹೇಳ್ತಿದ್ದೆ. ಏನು ಹೇಳ್ತಿದ್ದೆನೋ ಗೊತ್ತಿಲ್ಲ, ಏನೋ ಒಂದು ಹೇಳ್ತಿದ್ದೆ. ನೀವು ಸುಮ್ಮನೆ ಚಹಾ ಕೊಟ್ಟು ಲೋಟ ತೊಳೆದು ಇಟ್ರಿ.

ತಮಾಷೆ ಏನು ಗೊತ್ತಾ? ಹೋದ ವಾರ ಕಚೇರಿಯ ಹೊಸ ಗುಮಾಸ್ತ, ನಾನು ಯಾರು ಅಂತ ಗೊತ್ತಿಲ್ಲದೆ, ನನ್ನನ್ನೇ ಹೊಗಳಿದ. ಬೇರೆಯವರ ಅರ್ಜಿ ಎಲ್ಲ ಸಾಕ್ಷಿ ಸಾಲದೆ ಬಿದ್ದುಹೋಯ್ತಂತೆ. ಇವರದ್ದು ಗಟ್ಟಿ ಕಡತ ಸ್ವಾಮಿ, ಅಂದ. ಪಕ್ಕದ ಅಂಗಡಿಯ ಮಾಲೀಕನೇ ಹತ್ತೊಂಬತ್ತು ವರ್ಷದ ಹಿಂದೆ ರುಜು ಮಾಡಿ ಬರೆದುಕೊಟ್ಟಿದ್ದಾನೆ, ಜಾಗದಲ್ಲಿರೋದು ಈಕೆ, ನನಗೆ ಸಂಬಂಧ ಇಲ್ಲ ಅಂತ, ಇದಕ್ಕಿಂತ ಇನ್ನೇನು ಬೇಕು ಅಂದ. ನಿಮಗೆ ಈ ಜಾಗ ಕೊಡಿಸಿದ್ದು ರಸೀದಿಯಲ್ಲ, ನನ್ನ ಆ ಎರಡು ಸಾಲು. ನಾನು ಅವನಿಗೆ ಥ್ಯಾಂಕ್ಸ್ ಹೇಳಿ ಎದ್ದು ಬಂದೆ.

ಈಗ ರುಜು ಹಾಕಲ್ಲ ನೀವು. ಹಾಕಲ್ಲ ಅಂತಾದರೂ ಬಾಯಿಬಿಟ್ಟು ಹೇಳಿ. ಬೈಯಿರಿ. ಈ ಮೈದುನ ಎಂಥವನು ಅಂತ ಬೀದಿಗೆ ಕೇಳೋ ಹಾಗೆ ಕೂಗಿ, ಪರವಾಗಿಲ್ಲ. ಚೌಕಾಸಿ ಮಾಡಿ! ಅಣ್ಣನ ಪಾಲು ಕೊಡು ಅನ್ನಿ, ಅರ್ಧ ಅಂಗಡಿ ಬರೆದುಕೊಡು ಅನ್ನಿ, ಆಗಲ್ಲ ಅಂತೀನಿ, ಕಾಲು ಅನ್ನಿ, ಎಲ್ಲೋ ಒಂದು ಕಡೆ ನಿಲ್ಲೋಣ. ನಾನು ಹುಟ್ಟಿದಾಗಿಂದ ಇದೇ ಮಾಡಿದ್ದು. ಏನೂ ಕೇಳದವರ ಹತ್ತಿರ ನಾನು ಹೇಗೆ ವ್ಯಾಪಾರ ಮಾಡಲಿ?

ಜೀಪು ಬಂತು.

ಇಷ್ಟು ಬೇಗನಾ... ಹನ್ನೊಂದು ಅಂದಿದ್ರು. ಈ ಕಾಗದ ಒಳಗಿಡ್ತೀನಿ, ಇದು ಕಾಣಬಾರದು. ಅತ್ತಿಗೆ, ಕೇಳಿ, ಬೇಗ ಕೇಳಿ: ನಾನು ಇಲ್ಲಿಯ ಯಜಮಾನ ಅಂತ ಒಂದು ಮಾತು ಬಂದರೆ ಮುಗೀತು, ನಿಮಗೂ ಇಲ್ಲ ನನಗೂ ಇಲ್ಲ, ನಾಳೆ ಬಂದು ಕೆಡವ್ತಾರೆ. ಜಗಳ ಇದ್ದದ್ದೇ, ಆಮೇಲೆ ಮಾಡೋಣ.

ಬನ್ನಿ ಸಾರ್, ಬನ್ನಿ, ತಲೆ ಜೋಪಾನ, ಬಾಗಿಲು ಗಿಡ್ಡ. ಕೂತ್ಕೊಳ್ಳಿ. ಕುರ್ಚಿ ತರಿಸ್... ಇಲ್ಲ, ನಾನು ತರಿಸೋಕೆ ಬರಲ್ಲ. ನನ್ನ ಮನೆಯಲ್ಲ ಸಾರ್ ಇದು. ಇವರದ್ದು. ಹೌದು, ಕೆಂಪು ಸೀರೆಯವರು, ಇವರೇ. ನೋಡಿ ಸಾರ್, ಒಲೆ ಅಲ್ಲಿ. ಹಾಸಿಗೆ ಅಲ್ಲಿ. ಒಬ್ಬರೇ ಇರೋದು. ಬೇರೆ ಯಾರ ಹಕ್ಕೂ ಇಲ್ಲ ಸಾರ್, ಒಂದಂಗುಲ ಇಲ್ಲ. ಚೀಲನಾ? ಇವರೇ ಹೊಲಿಯೋದು. ಅವರಿಗೆ ಮಾತು ಸ್ವಲ್ಪ ಕಮ್ಮಿ ಸಾರ್, ಬೇಜಾರು ಮಾಡ್ಕೋಬೇಡಿ.

ನಾನಾ?

ನಾನು ಸಾರ್...

ಸಾಹೇಬರು ಕೇಳ್ತಿದ್ದಾರೆ ಅಮ್ಮ, ನಾನು ಯಾರು ಅಂತ. ನೀವೇ ಹೇಳಿ. ನೀವು ಏನಂದರೂ ನಾನು ಒಪ್ಕೋತೀನಿ. ಮೈದುನ ಅಂತೀರಾ, ಅನ್ನಿ. ನೋಡೇ ಇಲ್ಲ ಇವನನ್ನ ಅಂತೀರಾ, ಅದನ್ನೇ ಅನ್ನಿ.

ಏನಾದರೂ ಒಂದು ಅನ್ನಿ.

...

ನಾನು ಪಕ್ಕದ ಅಂಗಡಿಯವನು ಸಾರ್. ನನಗೂ ಇವರಿಗೂ ಯಾವ ಸಂಬಂಧವೂ ಇಲ್ಲ. ಹಾಗೇ ಬರ್ಕೊಳ್ಳಿ.