ನಾನು ಅಳಿಸಿದ ಕೊನೆಯ ಸಾಲು

ವೇದಿಕೆಯ ಮೇಲಿರುವ ನಿರ್ದೇಶಕರೇ, ಪ್ರಯೋಗಾಲಯದ ನನ್ನ ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಮೇಷ್ಟ್ರ ಮಡದಿ ಅಕ್ಕ, ಅಕ್ಕನ ಪಕ್ಕದಲ್ಲಿರುವ ಮೇಷ್ಟ್ರ ಮಗಳೇ — ಎಲ್ಲರಿಗೂ ನಮಸ್ಕಾರ. ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಹೆಚ್ಚಾದರೆ ಆಮೇಲೆ ಬೈಯಿರಿ. ಮೈಕ್ ಮಾತ್ರ ಆರಿಸಬೇಡಿ. ಇದೊಂದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಮೊನ್ನೆ ಈ ಮಗಳು ನನ್ನ ಮನೆಗೆ ಬಂದಿದ್ದಳು. ಕೈಯಲ್ಲಿ ಒಂದು ಹಾಳೆ. "ಆಂಟಿ, ಇದು ಅಪ್ಪನ ಡ್ರಾಯರ್‌ನಲ್ಲಿ ಇತ್ತು. ಇಡೀ ಹಾಳೇಲಿ ಒಂದೇ ಸಾಲು ಇದೆ. ಅದರಲ್ಲಿ 'ಮೇಜು ಆರು' ಅಂತಿದೆ. ಅದು ಯಾರ ಮೇಜು?" ಎಂದು ಕೇಳಿದಳು. ನಾನು, "ಸಭೇಲಿ ಹೇಳ್ತೀನಿ ಮಗಳೇ" ಎಂದೆ. ಆ ಹಾಳೆ ಇಲ್ಲಿದೆ, ನೋಡಿ — ಹಿಂದೆ ಕೂತವರಿಗೂ ಕಾಣಲಿ. ಉತ್ತರ ಹೇಳದೆ ನಾನು ಈ ವೇದಿಕೆಯಿಂದ ಇಳಿಯುವುದಿಲ್ಲ.

ನಮ್ಮ ಮೇಷ್ಟ್ರು ಹೋಗಿ ಇಂದಿಗೆ ಹನ್ನೊಂದು ದಿನ. ಬೆಳಗ್ಗೆ ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದವರು ಮತ್ತೆ ಏಳಲಿಲ್ಲ. ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ನಮ್ಮ ನೀರು ಪರೀಕ್ಷೆಯ ಪ್ರಯೋಗಾಲಯದ ಕಂಪ್ಯೂಟರುಗಳನ್ನು ಇಪ್ಪತ್ತಾರು ವರ್ಷ ನೋಡಿಕೊಂಡವರು. ಎದುರಿಗೆ ಸಿಕ್ಕವರಿಗೆಲ್ಲ ಪಾಠ ಹೇಳುತ್ತಿದ್ದರು, ಅದಕ್ಕೇ ಆ ಹೆಸರು. ಪಾಠವೂ ಒಂದೇ. "ಖಾಲಿ ಬೇರೆ, ಸೊನ್ನೆ ಬೇರೆ!" ಕ್ಯಾಂಟೀನಿನಲ್ಲಿ ಎರಡು ಲೋಟ ಎತ್ತಿ ಹಿಡಿದು ಕೇಳುವರು — "ಇದರಲ್ಲಿ ಟೀ ಇಲ್ಲ ಅಂತ ನೋಡಿ ಹೇಳಿದ್ರೆ ಅದು ಸೊನ್ನೆ. ಲೋಟ ನೋಡೇ ಇಲ್ಲ ಅಂದ್ರೆ ಅದು ಖಾಲಿ. ತಿಳೀತಾ?" ನಾವು, "ತಿಳೀತು ಮೇಷ್ಟ್ರೇ, ಮೊದಲು ಟೀ ಹಾಕ್ಸಿ" ಎಂದು ನಗುತ್ತಿದ್ದೆವು.

ಅವರು ಬರೆದ ಪ್ರೋಗ್ರಾಂ 'ಜರಡಿ'. ಹಿಂದಿನ ಗೋಡೆಯ ಬ್ಯಾನರಿನಲ್ಲಿ ಅವರ ಸೇವೆಯೆಲ್ಲ ಅಚ್ಚಾಗಿದೆ, ಜರಡಿಯ ಹೆಸರಿಲ್ಲ. ಯಾಕಿಲ್ಲ ಎಂಬುದು ಪ್ರಯೋಗಾಲಯದ ಎಲ್ಲರಿಗೂ ಗೊತ್ತು. ಹೊರಗಿನಿಂದ ಬಂದವರಿಗೆ ಜರಡಿ ಏನೆಂಬುದರಿಂದ ಹೇಳುತ್ತೇನೆ. ಕಪ್ಪು ಪರದೆ, ಬಿಳಿ ಅಕ್ಷರ. ಮೌಸ್ ಇಲ್ಲ, ಚಿತ್ರವಿಲ್ಲ. ಒಂದು ಸಾಲು ಆದೇಶ ಟೈಪ್ ಮಾಡಿ ಎಂಟರ್ ಒತ್ತಿದರೆ ಸಾವಿರ ಸಾಲಿನ ಕೋಷ್ಟಕವನ್ನು ಸೋಸಿ ಕೊಡುತ್ತಿತ್ತು. ಹೇಗೆ ಬೇಕೋ ಹಾಗೆ ಕೊಡುತ್ತಿತ್ತು — ಪರದೆಯ ಮೇಲೆ ಬೇಕೇ, ಕಡತಕ್ಕೆ ಬೇಕೇ, ತಲೆಬರಹದ ಜೊತೆ ಬೇಕೇ, ಬರೀ ಅಂಕಿ ಸಾಕೇ. ಹಳೆಯ ಕಡತದ ಮೇಲೆ ಬರೆಯಲು ಹೋದರೆ, "ಈ ಹೆಸರಿನ ಕಡತ ಆಗಲೇ ಇದೆ, ಒಮ್ಮೆ ಯೋಚಿಸಿ" ಎಂದು ತಡೆಯುತ್ತಿತ್ತು. ಕೋಷ್ಟಕದಲ್ಲಿ ಅಳತೆಯೇ ಇಲ್ಲದ ಮನೆಯಲ್ಲಿ 'ಖಾಲಿ' ಎಂದು ಅಕ್ಷರದಲ್ಲೇ ಬರೆಯುತ್ತಿತ್ತು. ಮೇಷ್ಟ್ರ ಹಟ ಅದಕ್ಕೂ ಬಂದಿತ್ತು.

ವರದಿ ವಿಭಾಗದಲ್ಲಿದ್ದ ನನಗೆ ಆ 'ಖಾಲಿ' ತಲೆನೋವಾಗಿತ್ತು. ಗ್ರಾಫ್ ಹಾಕಲು ಹೋದರೆ ಅಕ್ಷರ ಕಂಡು ಗ್ರಾಫ್ ಮುನಿಸಿಕೊಳ್ಳುವುದು. "ಮೇಷ್ಟ್ರೇ, ಖಾಲಿ ಇರೋ ಕಡೆ ಸೊನ್ನೆ ಹಾಕೋ ಆಯ್ಕೆ ಒಂದು ಕೊಡಿ" ಎಂದು ಆರು ತಿಂಗಳು ಬೆನ್ನು ಹತ್ತಿದೆ. "ಬೇಡ ತಾಯಿ, ಅದು ಸುಳ್ಳು ಹೇಳುತ್ತೆ." "ಗ್ರಾಫ್‌ಗೆ ಮಾತ್ರ ಮೇಷ್ಟ್ರೇ, ನನ್ನಾಣೆ." ಕೊನೆಗೆ ಸೋತು ಕೊಟ್ಟರು. ಆದರೆ ಆ ಆಯ್ಕೆ ಬಳಸಿದಾಗಲೆಲ್ಲ ಕೋಷ್ಟಕದ ತಳದಲ್ಲಿ ಒಂದು ಸಾಲು ತಾನೇ ಬೀಳುವಂತೆ ಮಾಡಿದರು. ಎಷ್ಟು ಸೊನ್ನೆ ಸುಳ್ಳು, ಯಾರ ಮೇಜಿನಿಂದ — ಎರಡೂ ಅದರಲ್ಲಿ ಇರುತ್ತಿದ್ದವು.

ಮೂರು ವರ್ಷದ ಹಿಂದೆ ಒಂದು ತಿಂಗಳು, ಅರವತ್ತು ಬೀದಿ ನಲ್ಲಿಗಳ ನೀರು ಬಾಟಲಿಗಳಲ್ಲಿ ನಮ್ಮಲ್ಲಿಗೆ ಬಂತು. ಹದಿನಾಲ್ಕು ಬಾಟಲಿಗಳ ಮುಚ್ಚಳ ಸಡಿಲವಾಗಿತ್ತು. ಅವನ್ನು ಪರೀಕ್ಷೆಗೆ ಹಾಕದೆ ಚೆಲ್ಲಿದರು, ನಿಯಮವೇ ಹಾಗೆ. ಹನ್ನೊಂದು ಗಂಟೆಗೆ ಸಭೆ. ಹತ್ತೂ ಮುಕ್ಕಾಲಿಗೆ ನಾನು ಗ್ರಾಫಿಗೆಂದು ತೆಗೆದ ಕೋಷ್ಟಕವನ್ನೇ ವರದಿಗೂ ಹಾಕಿದೆ. ಅರವತ್ತು ಸಾಲು ಒಂದು ಹಾಳೆಯಲ್ಲಿ ಚೆನ್ನಾಗಿ ಕೂತಿತ್ತು. ಆ ಕೊನೆಯ ಸಾಲೊಂದು ಎರಡನೇ ಹಾಳೆಗೆ ಜಾರಿತು. ಒಂದು ಸಾಲಿಗೆ ಒಂದು ಹಾಳೆ! ನೋಡಲು ಅಸಹ್ಯ ಎನಿಸಿತು. ಅಳಿಸಿಬಿಟ್ಟೆ.

ಹೌದು. ನಾನೇ. ಮೇಜು ಆರು ನನ್ನದು, ಮಗಳೇ.

— ನಿರ್ದೇಶಕರೇ, ನೀವು ಗಡಿಯಾರ ನೋಡುತ್ತಿದ್ದೀರಿ. ದಯವಿಟ್ಟು ಇನ್ನೆರಡು ನಿಮಿಷ. ಆಮೇಲೆ ನಡೆದ ವಿಚಾರಣೆಯ ವರದಿಗೆ ಸಹಿ ಹಾಕಿದವರು ನೀವು. ನೀವೂ ಕೇಳಬೇಕು.

ಹದಿನಾಲ್ಕು ನಲ್ಲಿಗಳ ಮುಂದೆ ಸೊನ್ನೆ ಕೂತಿತು. ಸೊನ್ನೆ ಎಂದರೆ ರೋಗಾಣು ಇಲ್ಲ, ಕುಡಿಯಬಹುದು ಎಂದು ಅರ್ಥ. ಆ ಹದಿನಾಲ್ಕರಲ್ಲಿ ಒಂದಾದ ಮೂವತ್ತೇಳನೆಯ ನಲ್ಲಿಯ ಬೀದಿಯವರು ಕುಡಿದರು. ಹತ್ತೊಂಬತ್ತು ಜನ ಆಸ್ಪತ್ರೆ ಸೇರಿದರು. ಆ ಬೀದಿಯ ದರ್ಜಿಯ ಮೂತ್ರಪಿಂಡ ಇಂದಿಗೂ ಸರಿಯಾಗಿಲ್ಲ. ಆತ ನಡುಬೀದಿಯಲ್ಲಿ ಈ ಅಕ್ಕನನ್ನು ತಡೆದು, "ನಿಮ್ಮೆಜಮಾನ್ರ ಯಂತ್ರ ನನ್ನನ್ನ ತಿಂದು ಹಾಕ್ತು" ಎಂದನಂತೆ. ಅಕ್ಕ ತಲೆ ತಗ್ಗಿಸಿ ಬಂದರು. ಆ ಮಾತು ಕೇಳಬೇಕಾದವಳು ನಾನು.

ವಿಚಾರಣೆಯಲ್ಲಿ ಮೇಷ್ಟ್ರನ್ನು ಕೇಳಿದರು: ಈ ಆಯ್ಕೆ ಯಾರು ಬರೆದದ್ದು? "ನಾನೇ" ಎಂದರು. ಅಷ್ಟೇ. 'ಪ್ರೋಗ್ರಾಂನ ದೋಷ' ಎಂದು ಬರೆದರು. ಜರಡಿಯನ್ನು ಎಲ್ಲ ಕಂಪ್ಯೂಟರಿನಿಂದ ತೆಗೆದರು, ಮೇಷ್ಟ್ರನ್ನು ನೆಲಮಾಳಿಗೆಯ ಸ್ಟೋರಿಗೆ ಹಾಕಿದರು. ಖಾಲಿ ಬಾಟಲಿ ಎಣಿಸುವ ಕೆಲಸ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ನನಗೆ ಹಾಗೆನಿಸಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ — ಆ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಮಾರನೆಯ ದಿನ ಮೆಟ್ಟಿಲ ಹತ್ತಿರ ಸಿಕ್ಕರು. ಕುಂಬಳಕಾಯಿ ಕಳ್ಳಿ ನಾನು, ಕೇಳುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡೆ. "ಮೇಷ್ಟ್ರೇ, ನನಗೇನೂ ಗೊತ್ತಿಲ್ಲ" ಎಂದೆ. ಅವರು ರೇಗಲಿಲ್ಲ. "ಜರಡಿ ತಾನು ಕೊಟ್ಟ ಕೋಷ್ಟಕದ್ದೆಲ್ಲ ಒಂದೊಂದು ಪ್ರತಿ ತನ್ನ ಹತ್ರಾನೂ ಇಟ್ಕೊಳ್ಳುತ್ತೆ ತಾಯಿ. ಕೊನೇ ಸಾಲು ನನ್ನ ಹತ್ರ ಇದೆ. ನಾನು ತೋರಿಸಲ್ಲ. ನೀನೇ ಹೇಳ್ತೀಯ. ಕಾಯ್ತೀನಿ" ಎಂದರು.

ಕಾದರು. ಮೂರು ವರ್ಷ. ದಿನಾ ಬೆಳಗ್ಗೆ ಅದೇ ಮೆಟ್ಟಿಲ ಹತ್ತಿರ, "ಏನಮ್ಮಾ, ಚೆನ್ನಾಗಿದೀಯಾ?" ಎಂದು ಕೇಳುವರು. ಒಂದು ದಿನವೂ ತಪ್ಪಿಸಲಿಲ್ಲ. ನಾನು, "ಚೆನ್ನಾಗಿದೀನಿ ಮೇಷ್ಟ್ರೇ" ಎಂದು ಸರಸರ ಹತ್ತಿಹೋಗುತ್ತಿದ್ದೆ. ನಾಳೆ ಹೇಳೋಣ, ಬಡ್ತಿ ಆಗಲಿ ಹೇಳೋಣ, ಅವರು ನಿವೃತ್ತರಾಗುವ ದಿನ ಹೇಳೋಣ. ಹನ್ನೊಂದು ದಿನದ ಹಿಂದೆ ಮೆಟ್ಟಿಲ ಹತ್ತಿರ ಯಾರೂ ಇರಲಿಲ್ಲ.

ನನ್ನನ್ನು ದೊಡ್ಡವಳೆಂದುಕೊಳ್ಳಬೇಡಿ. ಈ ಮಗಳು ಹಾಳೆ ತಂದಿರದಿದ್ದರೆ ಇವತ್ತು ಇಲ್ಲಿ ನಿಂತು "ತುಂಬಲಾರದ ನಷ್ಟ" ಎಂದು ಹೇಳಿ ಇಳಿದುಹೋಗುತ್ತಿದ್ದೆ. ನನ್ನನ್ನು ನಾನು ಬಲ್ಲೆ.

ನಿರ್ದೇಶಕರೇ, ನನ್ನ ಹೇಳಿಕೆ ಬರೆದು ಸಹಿ ಮಾಡಿ ತಂದಿದ್ದೇನೆ. ಇಗೋ, ನಿಮ್ಮ ಮುಂದೆ ಇಡುತ್ತಿದ್ದೇನೆ. ಆ ವಿಚಾರಣೆಯ ವರದಿಯನ್ನು ತಿದ್ದಿ. ನನಗೆ ಏನು ಮಾಡಬೇಕೋ ಮಾಡಿ. ನಾಳೆ ಬೆಳಗ್ಗೆ ದರ್ಜಿಯ ಅಂಗಡಿಗೆ ಹೋಗುತ್ತೇನೆ. ಅಕ್ಕ, ನೀವು ಬರುವುದು ಬೇಡ. ಒಬ್ಬಳೇ ಹೋಗುತ್ತೇನೆ.

ಈಗ ಹಾಳೆಯನ್ನು ಓದುತ್ತೇನೆ. ಮೂರು ವರ್ಷ ತಡವಾಗಿ ಓದುತ್ತಿದ್ದೇನೆ.

"ಈ ಕೋಷ್ಟಕದ ಹದಿನಾಲ್ಕು ಸೊನ್ನೆಗಳು ಅಳತೆಗಳಲ್ಲ. ಅಲ್ಲಿ ಯಾರೂ ನೋಡಿಲ್ಲ. ದಯವಿಟ್ಟು ಹೋಗಿ ನೋಡಿ. ಮೇಜು ಆರು."

ಕೇಳಿದಿರಾ? "ದಯವಿಟ್ಟು" ಎಂದು ಬರೆದಿದ್ದರು. ಯಂತ್ರದ ಬಾಯಲ್ಲೂ ದಯವಿಟ್ಟು.

— ಕ್ಷಮಿಸಿ. ಒಂದು ಗುಟುಕು ನೀರು —

ಮುಗಿಸುತ್ತೇನೆ. ಎಲ್ಲರೂ ಎದ್ದು ನಿಂತು ಮೇಷ್ಟ್ರಿಗಾಗಿ ಒಂದು ನಿಮಿಷ ಮೌನವಾಗಿರಬೇಕೆಂದು ಪ್ರಾರ್ಥಿಸುತ್ತೇನೆ. ಅಕ್ಕ, ನೀವು ಕೂತಿರಿ. ಮಗಳೇ, ನೀನೂ ಕೂತಿರು. ನಿಮ್ಮ ಮುಂದೆ ನಿಲ್ಲಬೇಕಾದವರು ನಾವು. ನನ್ನ ಪಾಲಿನ ಮೌನ ಮೂರು ವರ್ಷ ನಡೆದು ಈಗಷ್ಟೇ ಮುಗಿಯಿತು. ಈ ಒಂದು ನಿಮಿಷ ನಿಮ್ಮದು.

ಏಳಿ.