ಮೂಗಯ್ಯನವರ ಲಾಗಿನ್

ಲೈಟು ಹಾಗೇ ಇರಲಿ, ಆರಿಸಬೇಡಿ. ಇದು ಯಾರೋ ಎಲ್ಲೋ ಹೇಳಿದ್ದನ್ನು ಕೇಳಿಕೊಂಡು ಬಂದದ್ದಲ್ಲ. ನಮ್ಮ ಭಾನುಮತಿ ಅತ್ತೆಯ ಮಗ ದಿಲೀಪನಿಗೆ ಆದದ್ದು. ಹೋದ ವರ್ಷ ಮೇ ತಿಂಗಳಲ್ಲಿ, ಒಂಟಿಕೊಪ್ಪಲಿನ ಅವರ ಮನೆಯಲ್ಲೇ.

ಅವತ್ತು ಅವನು ಆಫೀಸು ಬಿಟ್ಟಾಗ ಹನ್ನೊಂದು ದಾಟಿತ್ತು. ಆಫೀಸು ಜಯಲಕ್ಷ್ಮಿಪುರಂನಲ್ಲಿ. ನಡೆದೇ ಬರುತ್ತಾನೆ. ಮನೆ ಹತ್ತಿರದ ಗಲ್ಲಿಯಲ್ಲಿ ಒಂದು ಹಳೇ ಬಾವಿ ಇದೆ, ಬತ್ತಿ ಎಷ್ಟೋ ವರ್ಷವಾಯಿತು. ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ನಮ್ಮ ಜನಕ್ಕೆ ಅಷ್ಟೇ ಸಾಕಲ್ಲ... ಜಾಲರಿಯ ಸಂದಿಯಲ್ಲೇ ಕಸ ತುರುಕುತ್ತಾರೆ. ಕೋಳಿ ಪುಕ್ಕ, ಹಳಸಿದ ಅನ್ನ, ಮಕ್ಕಳ ಡೈಪರು. ಹೇಸಿಗೆ. ದಿಲೀಪ ಮೂಗು ಮುಚ್ಚಿಕೊಂಡೇ ಅಲ್ಲಿ ದಾಟುವುದು.

ಅವತ್ತೂ ಮುಚ್ಚಿಕೊಂಡ. ಆಗ ಕೇಳಿಸಿತು.

ಪಿಚಕ್...

ಯಾರೋ ಎಲೆಯಡಿಕೆ ಉಗಿದ ಸದ್ದು. ಅದರ ಹಿಂದೆಯೇ, ತೀರಾ ಆಳದಲ್ಲಿ, ಪ್ಳಕ್. ನೀರಿಗೆ ಬಿದ್ದ ಸದ್ದು. ಬಾವಿಯಲ್ಲಿ ನೀರೇ ಇಲ್ಲ!

ಸುತ್ತ ನೋಡಿದ. ಒಂದು ನಾಯಿಯೂ ಇಲ್ಲ. ಮುಚ್ಚಿದ ಮೂಗಿನೊಳಗೂ ಒಂದು ವಾಸನೆ ಹೊಕ್ಕಿತು. ಕೊಳೆತ ಕಸದ್ದಲ್ಲ. ಹೊಗೆಸೊಪ್ಪಿನದು. ಆ ವಾಸನೆ ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತು. ಓಡಲಿಲ್ಲ, ಆದರೆ ಆಮೇಲೆ ಹಿಂದಕ್ಕೆ ತಿರುಗಿ ನೋಡಲೂ ಇಲ್ಲ.

ಮೂಗಯ್ಯನವರ ವಿಷಯ ಇಲ್ಲಿ ಹೇಳಬೇಕು. ಪಡುವಾರಹಳ್ಳಿಯವರು, ಐವತ್ತನಾಲ್ಕು ವಯಸ್ಸು. ಫ್ಯಾಕ್ಟರಿಯಲ್ಲಿ ವೈರ್‌ಮನ್ ಆಗಿದ್ದವರು ತಾವೇ ಕೂತು ಕಲಿತು ದಿಲೀಪನ ಆಫೀಸಿಗೆ ಸರ್ವರ್ ಕೆಲಸಕ್ಕೆ ಬಂದಿದ್ದರು. ಮಾತು ಕಡಿಮೆ. ಬಾಯಿ ತುಂಬ ಎಲೆಯಡಿಕೆ, ಹೊಗೆಸೊಪ್ಪು. ಮೇಜಿನ ಕೆಳಗೆ ಒಂದು ಪ್ಲಾಸ್ಟಿಕ್ ಬಾಟಲಿ, ಉಗಿಯುವುದಕ್ಕೆ. ಅರ್ಧ ತುಂಬಿರುತ್ತಿತ್ತು, ಕೆಂಪು ಕಂದು ಗಸಿ. ಆಫೀಸಿನ ಹುಡುಗರಿಗೆಲ್ಲ ಆ ಬಾಟಲಿ ಕಂಡರೆ ವಾಕರಿಕೆ. ದಿಲೀಪನಿಗೆ ಎಲ್ಲರಿಗಿಂತ ಹೆಚ್ಚು. ಅವರ ಪಕ್ಕ ಕೂತು ಊಟ ಮಾಡುತ್ತಿರಲಿಲ್ಲ.

ಆದರೆ ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆ ಕಂಪನಿ ಯಾವುದೋ ಲ್ಯಾಬಿನವರ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿತ್ತು. ರಕ್ತ ಪರೀಕ್ಷೆ ಗೊತ್ತಲ್ಲ, ಆ ರಿಪೋರ್ಟುಗಳೆಲ್ಲ ಅವುಗಳಿಂದ ಆಸ್ಪತ್ರೆಗಳಿಗೆ ಹೋಗಬೇಕು. ಕ್ಲೌಡ್ ಸರ್ವರ್ ಅಂದರೆ ಯಾವುದೋ ಊರಿನ ದೊಡ್ಡ ಕಟ್ಟಡದಲ್ಲಿರುವ ಬಾಡಿಗೆ ಯಂತ್ರ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ನೆಟ್‌ವರ್ಕಿನಲ್ಲೇ ಒಳಗೆ ಹೋಗಿ ನೆಟ್‌ವರ್ಕಿನಲ್ಲೇ ಹೊರಗೆ ಬರಬೇಕು.

ಅದಕ್ಕೊಂದು ಹೊಸ ವೇಗದ ನೆಟ್‌ವರ್ಕ್ ಕಾರ್ಡು ಬಂತು. ಅದನ್ನು ಚಾಲೂ ಮಾಡುವುದಕ್ಕೊಂದು ಕ್ರಮ ಇದೆ. ಮೊದಲು ಅದರ ಡ್ರೈವರನ್ನು, ಅಂದರೆ ಕಾರ್ಡಿನ ಜೊತೆ ಮಾತಾಡಲು ಬೇಕಾದ ಸಾಫ್ಟ್‌ವೇರನ್ನು, ಸರ್ವರಿನೊಳಗೆ ಹಾಕಬೇಕು. ಹಾಕಿದ್ದು ಕೂತಿದೆಯಾ ನೋಡಬೇಕು. ಆಮೇಲೆ ಸರ್ವರ್ ನಿಲ್ಲಿಸಿ, ಹೊಸ ಕಾರ್ಡಿನ ಸೆಟ್ಟಿಂಗ್ ಆನ್ ಮಾಡಿ, ಮತ್ತೆ ಶುರು ಮಾಡಬೇಕು. ಡ್ರೈವರ್ ಇಲ್ಲದೆ ಆನ್ ಮಾಡಿದರೆ ಮುಗಿಯಿತು. ಸರ್ವರ್ ಏಳುತ್ತದೆ, ಆದರೆ ಒಳಗಿನಿಂದ ಚಿಲಕ ಹಾಕಿಕೊಂಡ ಮನೆಯ ಹಾಗೆ. ಎಷ್ಟು ತಟ್ಟಿದರೂ ಓ ಅನ್ನುವುದಿಲ್ಲ.

ಅದಕ್ಕೇ ಮೂಗಯ್ಯನವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಇಬ್ಬರಿಲ್ಲದೆ ಈ ಕೆಲಸ ಮಾಡಕೂಡದು. ಒಬ್ಬ ಟೈಪ್ ಮಾಡಬೇಕು, ಇನ್ನೊಬ್ಬರು ಫೋನಿನಲ್ಲಿದ್ದು ಪ್ರತಿ ಹೆಜ್ಜೆಗೂ ಕೇಳಬೇಕು. ಅವರು ಕೇಳುತ್ತಿದ್ದದ್ದು ಒಂದೇ ಮಾತು.

"ನೋಡ್ದಾ?"

ಆ ಮೇ ತಿಂಗಳಿಗೂ ಹಿಂದಿನ ನವೆಂಬರಿನಲ್ಲಿ, ಒಂದು ರಾತ್ರಿ, ದಿಲೀಪ ಟೈಪ್ ಮಾಡುತ್ತಿದ್ದ. ಲಾಗಿನ್ ಮಾತ್ರ ಮೂಗಯ್ಯನವರದು. ಸರ್ವರ್ ನಿಲ್ಲಿಸುವ ಅಧಿಕಾರ ಅದೊಂದಕ್ಕೇ ಇತ್ತು, ಆಫೀಸಿನಲ್ಲಿ ಎಲ್ಲರೂ ಅದನ್ನೇ ಬಳಸುತ್ತಿದ್ದರು. ಎದುರಿನ ಪರದೆಯಲ್ಲಿ ಎರಡು ಕಪ್ಪು ಕಿಟಕಿ. ಒಂದು ಮೊದಲು ಮಾಡಿ ನೋಡುವ ಪ್ರಯೋಗದ ಸರ್ವರಿನದು, ಒಂದು ರಿಪೋರ್ಟು ಕಳಿಸುವ ನಿಜವಾದದ್ದರದು. ಡ್ರೈವರ್ ಹಾಕಿದ್ದು ಪ್ರಯೋಗದ್ದರಲ್ಲಿ. ನಿಜವಾದದ್ದರಲ್ಲೂ ಹಾಕಿದ್ದೀನಿ ಅಂದುಕೊಂಡ. ಅವನಿಗೆ ನಿದ್ದೆ.

"ನೋಡ್ದಾ?" ಅಂದರು ಮೂಗಯ್ಯನವರು.

"ನೋಡ್ದೆ ಸಾರ್."

ನೋಡಿರಲಿಲ್ಲ. ಸರ್ವರ್ ನಿಲ್ಲಿಸಿದ, ಶುರು ಮಾಡಿದ, ಅದು ಬಾಯಿ ಮುಚ್ಚಿಕೊಂಡಿತು. ಎಂಟು ಗಂಟೆ ಒಂದು ರಿಪೋರ್ಟೂ ಹೋಗಲಿಲ್ಲ. ಬೆಳಗ್ಗೆ ಕಂಪನಿಯ ಮಾಲೀಕರು ಚನ್ನಬಸವಯ್ಯನವರು ದಾಖಲೆ ತೆಗೆದು ನೋಡಿದರು. ಕ್ಲೌಡಿನಲ್ಲಿ ಯಾರು ಯಾವ ಹೊತ್ತಿಗೆ ಏನು ಮಾಡಿದರು ಅನ್ನುವುದು ತಾನೇ ಬರೆದುಕೊಳ್ಳುತ್ತದೆ. ಅಲ್ಲಿ ಇದ್ದದ್ದು ಮೂಗಯ್ಯನವರ ಹೆಸರು.

"ರೀ ಮೂಗಯ್ಯ, ಬಾಟ್ಲಿಗೆ ಉಗಿಯೋದ್ ಬಿಟ್ಟು ಏನ್ರೀ ಬರುತ್ತೆ ನಿಮ್ಗೆ?" ಎಲ್ಲರ ಮುಂದೆ ಅಂದರು. ಹುಡುಗರು ನಕ್ಕರು. ದಿಲೀಪನೂ ನಕ್ಕ. ಹೌದು, ನಕ್ಕ. ನನಗೆ ಅವನೇ ಹೇಳಿದ್ದು. ಮೂಗಯ್ಯನವರು ಅವನ ಕಡೆ ಒಂದು ಸಲ ನೋಡಿದರಂತೆ. ಬಾಯಲ್ಲಿ ಎಲೆಯಡಿಕೆ ಇತ್ತು. ಬಾಟಲಿ ತಗೊಂಡು ಹೊರಟುಹೋದರು. ಜನವರಿಯಲ್ಲಿ ಎದೆನೋವು ಬಂತು, ತೀರಿಕೊಂಡರು.

ಸತ್ತ ಮೇಲೂ ಆ ಲಾಗಿನ್ ತೆಗೆಯಲಿಲ್ಲ ನೋಡಿ. ಹೊಸದು ಮಾಡಿಕೊಳ್ಳಲು ಸೋಮಾರಿತನ. ಅದೂ ಅಲ್ಲದೆ, ಏನು ಕೆಟ್ಟರೂ ಸತ್ತವನ ಹೆಸರು ಬೀಳುತ್ತದೆ, ಅನುಕೂಲ. ಎಂಥ ಜನ! ಯೋಚನೆ ಮಾಡಿದರೆ ಆ ಬಾಟಲಿಯೇ ಎಷ್ಟೋ ಚೊಕ್ಕ ಅನ್ನಿಸುತ್ತದೆ.

ಸರಿ, ಮೇ ತಿಂಗಳ ಆ ರಾತ್ರಿ. ಲ್ಯಾಬಿನವರ ಇನ್ನೊಂದು ಸರ್ವರಿಗೂ ಅದೇ ಕಾರ್ಡು ಚಾಲೂ ಮಾಡಬೇಕಿತ್ತು. ಬೆಳಗಿನ ಜಾವದೊಳಗೆ ಆಗಬೇಕು. ದಿಲೀಪ ಮನೆಗೆ ಬಂದ. ಭಾನುಮತಿ ಅತ್ತೆ ಮಲಗಿದ್ದರು. ಕೋಣೆಯ ಬಾಗಿಲು ಹಾಕಿಕೊಂಡು ಇಯರ್‌ಫೋನ್ ಸಿಕ್ಕಿಸಿ, ಹಾಡು ಹಾಕಿ ಕೂತ. ಇಬ್ಬರು ಇರಬೇಕು ಅನ್ನುವ ಪದ್ಧತಿ ಮೂಗಯ್ಯನವರ ಜೊತೆಗೇ ಹೋಗಿತ್ತು. ಒಬ್ಬನೇ.

ಮತ್ತೆ ಎರಡು ಕಪ್ಪು ಕಿಟಕಿ. ಕಮಾಂಡ್ ಕೊಟ್ಟು ನೋಡಿದ, ಡ್ರೈವರ್ ಇದೆ. ಸರ್ವರ್ ನಿಲ್ಲಿಸುವ ಬಟನ್ ಮೇಲೆ ಮೌಸಿನ ಬಾಣ ತಂದಿಟ್ಟ. ಟಕ್ ಅಂತ ಒತ್ತುವುದೊಂದು ಬಾಕಿ.

ಹಾಡು ನಿಂತಿತು.

ಇಯರ್‌ಫೋನಿನಲ್ಲಿ... ಚಪ್, ಚಪ್. ಯಾರೋ ನಿಧಾನವಾಗಿ ಅಗಿಯುತ್ತಿದ್ದಾರೆ. ಆಮೇಲೆ ಪಿಚಕ್. ಆಮೇಲೆ ಪಿಸುದನಿ.

"ನೋಡ್ದಾ?"

ಅಭ್ಯಾಸ ಬಲ. ಅವನ ಬಾಯಿ ತಾನಾಗಿಯೇ ಹೇಳಿತು. "ನೋಡ್ದೆ ಸಾರ್."

ಹೇಳಿದ ಮೇಲೆ ಫೋನ್ ತಿರುಗಿಸಿ ನೋಡಿದ. ಯಾರ ಕರೆಯೂ ಇಲ್ಲ.

"ಯಾವುದ್ರಲ್ಲಿ?"

ಕಣ್ಣು ಪರದೆಗೆ ಹೋಯಿತು. ಕಿಟಕಿಯ ಮೇಲಿನ ಹೆಸರು ಓದಿದ. ಪ್ರಯೋಗದ ಸರ್ವರ್. ಇನ್ನೊಂದು ಕಿಟಕಿಯಲ್ಲಿ ಅದೇ ಕಮಾಂಡ್ ಕೊಟ್ಟ. ಅಲ್ಲಿ ಡ್ರೈವರ್ ಇರಲಿಲ್ಲ. ಅದೇ ತಪ್ಪು... ಒಂದಕ್ಷರ ಆಚೀಚೆ ಇಲ್ಲ.

ಬೆರಳು ಕೀಲಿಗಳಿಗೆ ಅಂಟುತ್ತಿತ್ತು. ಎತ್ತಿದರೆ ಪಿಚ್ ಅಂತ ನೂಲು ಬಂತು. ದೀಪಕ್ಕೆ ಹಿಡಿದು ನೋಡಿದ. ಕೆಂಪು ಕಂದು ಗಸಿ, ಬೆಚ್ಚಗೆ. ಹೊಗೆಸೊಪ್ಪಿನ ವಾಸನೆ ಗಂಟಲಿಗೇ ಇಳಿಯಿತು. ಬಚ್ಚಲಿಗೆ ಓಡಿದ. ತಿಂದದ್ದೆಲ್ಲ ಬಂತು. ಕೊನೆಗೆ ಉಗಿದದ್ದು ಕೆಂಪಗಿತ್ತು. ಜನ್ಮದಲ್ಲಿ ಒಂದು ಎಲೆ ಹಾಕಿದವನಲ್ಲ ಅವನು. ಬಾಯಿ ತೊಳೆದ, ಮತ್ತೆ ತೊಳೆದ. ಸುಣ್ಣದ ಉರಿ ನಾಲಿಗೆ ಬಿಡಲಿಲ್ಲ.

ವಾಪಸ್ ಬಂದಾಗ ನಿಜವಾದ ಸರ್ವರಿನ ಕಿಟಕಿಯಲ್ಲಿ ಸಾಲುಗಳು ಓಡಿ ನಿಂತಿದ್ದವು. ಡ್ರೈವರ್ ಹಾಕಿ ಆಗಿತ್ತು. ಸರಿಯಾಗಿ ಕೂತಿದೆಯಾ ಅಂತ ಎರಡೆರಡು ಸಲ ನೋಡಿಯೂ ಆಗಿತ್ತು.

"ಈಗ ನಿಲ್ಸು."

ನಿಲ್ಲಿಸಿದ. ಸೆಟ್ಟಿಂಗ್ ಆನ್ ಮಾಡಿದ. ಶುರು ಮಾಡಿದ. ಕಾದ. ಒಂದು ನಿಮಿಷ... ಎರಡು ನಿಮಿಷ... ಸರ್ವರ್ ಓಗೊಟ್ಟಿತು. ಒಂದರ ಕೆಳಗೊಂದು ಸಾಲು, ತಪ್ಪದೆ. ಅವನಿಗೆ ಅಳು ಬಂತು.

ಆಗ ಕಿವಿಯ ಹತ್ತಿರ, ಬಹಳ ಹತ್ತಿರ...

"ಅವತ್ತು ನೋಡಿದ್ಯಾ, ದಿಲೀಪಾ?"

"ಇಲ್ಲ ಸಾರ್," ಅಂದ. "ನೋಡಿರ್ಲಿಲ್ಲ."

ಅಗಿಯುವ ಸದ್ದು ನಿಂತಿತು. ಬೆಳಗಿನವರೆಗೆ ಮತ್ತೇನೂ ಕೇಳಲಿಲ್ಲ.

ಬೆಳಗ್ಗೆ ನೆಟ್ಟಗೆ ಚನ್ನಬಸವಯ್ಯನವರ ಕೋಣೆಗೆ ಹೋಗಿ ನವೆಂಬರಿನ ವಿಷಯ ಹೇಳಿದ. ಅವರು ಇಡ್ಲಿ ತಿನ್ನುತ್ತಿದ್ದರು, ನಿಲ್ಲಿಸಲಿಲ್ಲ.

"ಹೋದೋರ್ ಹೋದ್ರು. ಈಗ ಅದನ್ನ ಕೆದಕಿ ಏನಪ್ಪಾ? ಲ್ಯಾಬಿನೋರಿಗೂ ಮೂಗಯ್ಯ ಅಂತಾನೇ ಬರ್ದು ಕೊಟ್ಟಾಗಿದೆ. ದಾಖಲೆಲೂ ಅದೇ ಹೆಸ್ರಿದೆ. ಸುಮ್ನೆ ಹೋಗು ಕೆಲಸ ನೋಡು."

ದಿಲೀಪನಿಗೆ ಹಾಯ್ ಅನ್ನಿಸಿತಂತೆ. ತಪ್ಪಿಸಿಕೊಂಡೆ ಅಂತ. ಮರುಕ್ಷಣವೇ ತನ್ನ ಮೇಲೆ ತನಗೇ ಎಂಥ ಹೇಸಿಗೆಯಾಯಿತು ಅಂದರೆ, ಅಲ್ಲಿ ನಿಲ್ಲಲಾರದೆ ಪಡುವಾರಹಳ್ಳಿಗೆ ನಡೆದ. ಮೂಗಯ್ಯನವರ ಹೆಂಡತಿ ಲಕ್ಷ್ಮಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದರು. ಎಲ್ಲ ಹೇಳಿದ. ಅವರ ಕೈ ಸೊಪ್ಪಿನ ಮೇಲೇ ನಿಂತಿತು.

"ಕಂಪ್ಯೂಟ್ರಲ್ಲಿ ನಿಮ್ಮೆಜಮಾನ್ರ ಹೆಸ್ರೇ ಐತೆ ಕಣಮ್ಮ ಅಂತ ಮನೆಗ್ ಬಂದು ತೋರ್ಸಿದ್ರು ನಿಮ್ ಸಾಹೇಬ್ರು. ಬೀದಿ ಜನ ಎಲ್ಲಾ ಕೇಳುಸ್ಕೊಂಡ್ರು. ಆವತ್ತಿಂದ ಅವ್ರು ಸರ್ಯಾಗಿ ಉಣ್ಣಲಿಲ್ಲ. ಆ ಹೆಸ್ರ ಅಳ್ಸ್ಬುಡಪ್ಪ."

"ಅಳ್ಸಕ್ಕಾಗಲ್ಲಮ್ಮ. ಅದರಲ್ಲಿ ಬಿದ್ದಿದ್ದನ್ನ ಯಾರೂ ಬದಲಾಯ್ಸಕ್ಕಾಗಲ್ಲ. ಮಾಲೀಕರಿಗೂ ಆಗಲ್ಲ."

"ಅಂಗಾದ್ರೆ ಯಾಕ್ ಬಂದೆ ಇಲ್ಲಿಗೆ?"

ಲಕ್ಷ್ಮಮ್ಮ ಎದ್ದು ಮೋರಿಯ ಹತ್ತಿರ ಹೋಗಿ ಥೂ ಅಂತ ಉಗಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಫೀಸಿಗೆ ವಾಪಸ್ ಬಂದು ದಿಲೀಪ ಮೊದಲು ತನ್ನದೇ ಹೆಸರಿನಲ್ಲಿ ಒಂದು ಲಾಗಿನ್ ಮಾಡಿಕೊಂಡ. ಅವನ ಹೆಸರು ಆ ಕ್ಲೌಡಿನಲ್ಲಿ ಬಿದ್ದದ್ದು ಅದೇ ಮೊದಲು. ಮಂಗಳವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಲ್ಯಾಬಿನವರಿಗೆ ತಾನೇ ಕಾಗದ ಬರೆಯೋಣ, ಅದಕ್ಕೆ ಆ ರಾತ್ರಿಯ ದಾಖಲೆಯನ್ನೂ ಸೇರಿಸೋಣ ಅಂತ ನವೆಂಬರಿನ ಪುಟ ತೆಗೆದ. ಆ ಪುಟ ನೋಡಿದವನು ಕುರ್ಚಿಯಿಂದ ಎದ್ದುಬಿಟ್ಟ. ಚನ್ನಬಸವಯ್ಯನವರನ್ನು ಕರೆದು ತೋರಿಸಿದ. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿ ಎದ್ದು ಹೋದರು. ಕಾಗದ ಲ್ಯಾಬಿಗೆ ಹೋಯಿತು. ದಿಲೀಪನ ಕೆಲಸವೂ ಹೋಯಿತು, ಅದು ಬೇರೆ ಮಾತು.

ಆ ಪುಟದ ಒಂದು ಪ್ರತಿ ತೆಗೆದು ಲಕ್ಷ್ಮಮ್ಮನಿಗೂ ಕೊಟ್ಟಿದ್ದಾನೆ. ಅವರು ಅದನ್ನು ಮೂಗಯ್ಯನವರ ಫೋಟೊ ಪಕ್ಕ ಗೋಡೆಗೆ ಅಂಟಿಸಿದ್ದಾರೆ. ನೀವು ನಂಬಿ, ಬಿಡಿ. ನಾನೇ ಹೋಗಿ ಓದಿ ಬಂದಿದ್ದೇನೆ. ಇಪ್ಪತ್ತೆರಡು ಸಾಲಿವೆ. ಇಪ್ಪತ್ತೊಂದು ಸಾಲಿನ ಮುಂದೆ ಮೂಗಯ್ಯ ಅಂತಿದೆ. ನವೆಂಬರ್ ಹದಿನಾಲ್ಕು, ರಾತ್ರಿ ಒಂದು ಗಂಟೆ ಹನ್ನೆರಡು ನಿಮಿಷ, ಸರ್ವರ್ ನಿಲ್ಲಿಸಿದ್ದು... ಆ ಒಂದು ಸಾಲಿನ ಮುಂದೆ ಮಾತ್ರ ದಿಲೀಪ ಅಂತಿದೆ.