ಮಗುವನ್ನು ಕಂಡ ದಾರಿಹೋಕರು

ಯಾರೋ ದಾರಿಹೋಕರು ಮಗುವನ್ನು ಕಂಡು ತಂದುಕೊಟ್ಟರು. ಆಗ ಎಲ್ಲರೂ ನಂಬಿದ್ದು ಇಷ್ಟೇ, ರೂಫೆನ್. ಪೊಲೀಸರು ನಂಬಿದ್ದರು, ದತ್ತು ಕಚೇರಿಯವರು ನಂಬಿದ್ದರು, ಅಮೆರಿಕದಿಂದ ಬಂದು ಕೂತಿದ್ದವರಂತೂ ಕಣ್ಣೀರು ಹಾಕಿಕೊಂಡು ನಂಬಿದ್ದರು. ನಂಬದೆ ಏನು ಮಾಡ್ತಾರೆ? ಪ್ರತಿ ಮಗುವಿನ ಕಾಗದದಲ್ಲೂ ಅದೇ ದಾರಿಹೋಕರು. ಆಗ ನಮ್ಮ ಈ ಚಾಂಗ್‌ಶಾ ಊರಲ್ಲಿ ದಾರಿಯಲ್ಲಿ ಹೋಗೋರಿಗೆ ಬೇರೆ ಕೆಲಸವೇ ಇರಲಿಲ್ಲ ನೋಡು! ಮಗು ಕಾಣೋದು, ಎತ್ತಿಕೊಳ್ಳೋದು, ತಂದುಕೊಡೋದು... ಯಾಕೆ, ನಗು ಬರಲಿಲ್ವಾ? ಮೊದಲಾಗಿದ್ದರೆ ನಗ್ತಿದ್ದೆ.

ಹೋಗಲಿ. ಆ ಬುಟ್ಟಿ ಈ ಕಡೆ ತಳ್ಳು, ನಾನೂ ಒಂದಷ್ಟು ಬಿಡಿಸ್ತೀನಿ. ಇಷ್ಟೊಂದು ತಾವರೆ ಬೀಜ! ಯಾರಿಗೆ? ಓ... ಅವಳಿಗಾ. ನಾಳೆಗಾ. ಅವಳು ತಾವರೆ ಬೀಜದ ಸಿಹಿಗಂಜಿ ತಿಂತಾಳೆ ಅಂತ ಯಾರು ಹೇಳಿದರು ನಿನಗೆ? ಬ್ರೆಡ್ಡು ಬೆಣ್ಣೆಯಲ್ಲಿ ಬೆಳೆದ ಹುಡುಗಿ. ಒಂದು ಚಮಚ ಬಾಯಿಗಿಟ್ಟು, ನಕ್ಕು, ಬಟ್ಟಲು ದೂರ ಇಡ್ತಾಳೆ. ನೋಡ್ತಿರು.

ಬುಟ್ಟಿ ಕೊಡಲ್ವಾ? ಬೇಡ ಬಿಡು. ನೀನೇ ಬಿಡಿಸು.

ನನಗೆ ನೋವಾಗಿರೋದು ಅವಳು ಬರ್ತಿರೋದಕ್ಕಲ್ಲ. ಬರಲಿ, ಧಾರಾಳವಾಗಿ ಬರಲಿ! ನೀನು ನನ್ನ ಬೆನ್ನ ಹಿಂದೆ ಮಾಡಿದೆಯಲ್ಲ, ಅದಕ್ಕೆ. ಸ್ವಂತ ಅಕ್ಕ ನಾನು. ಐದು ಬಸ್ ಸ್ಟಾಪ್ ಆಚೆ ಇರೋಳು. ಯಾವಳೋ ಗುರುತಿಲ್ಲದ ಹೆಂಗಸು ರಕ್ತಸಂಬಂಧ ಪರೀಕ್ಷೆಗೆ ಅಂತ ಕೊಳವೆ ಹಿಡಿದುಕೊಂಡು ಬಂದಳಂತೆ, ಇವಳು ಅದರಲ್ಲಿ ಉಗುಳಿ ಕೊಟ್ಟಳಂತೆ, ಅದು ಅಮೆರಿಕದ ಇನ್ನೊಂದು ಉಗುಳಿಗೆ ಸರಿಹೋಯ್ತಂತೆ. ನನಗೊಂದು ಮಾತು? ಇಲ್ಲ. ನನಗೆ ಗೊತ್ತಾದದ್ದು ಇವತ್ತು ಬೆಳಿಗ್ಗೆ, ತರಕಾರಿ ಅಂಗಡಿಯಲ್ಲಿ, ನಿನ್ನ ಮಗಳು ಚಿಂಗ್ ಬಾಯಿಂದ. "ದೊಡ್ಡಮ್ಮಾ, ನಾಳೆ ನನ್ನ ತಂಗಿ ಬರ್ತಾಳೆ!" ಅಂದಳು. ಸೋರೆಕಾಯಿ ಆರಿಸ್ತಾ ಇದ್ದೆ. ಅಂಗಡಿಯವಳು "ಯಾವ ತಂಗಿ?" ಅಂದಳು. ನಾನೂ ಅದನ್ನೇ ಕೇಳಬೇಕಾಯ್ತು, ಅಂಗಡಿಯವಳ ಜೊತೆ ಸೇರಿಕೊಂಡು. ನಮ್ಮ ಮನೆ ವಿಷಯ!

ಇಪ್ಪತ್ತೈದು ವರ್ಷ ನಿನ್ನನ್ನು ಸಮಾಧಾನ ಮಾಡಿದೋಳು ಯಾರು? ಹೇಳು. ನಿನ್ನ ಅತ್ತೆಯಾ? ಒಂಬತ್ತು ದಿನದ ಕೂಸನ್ನ ನೀನು ನಿದ್ದೆಯಲ್ಲಿದ್ದಾಗ ಮಗ್ಗುಲಿಂದ ಎತ್ತಿ, "ಯುಯಾಂಗ್‌ನಲ್ಲಿ ಮಕ್ಕಳಿಲ್ಲದ ಮೇಷ್ಟ್ರು ಒಬ್ಬರಿದ್ದಾರೆ, ಅವರಿಗೆ ಕೊಟ್ಟಾಯ್ತು, ಹುಡುಕಿಕೊಂಡು ಹೋಗಬೇಡ" ಅಂದ ಪುಣ್ಯಾತ್ಗಿತ್ತಿ! ಅವರಿಗೆ ಬೇಕಾಗಿದ್ದದ್ದು ಮೊಮ್ಮಗ. ಎರಡನೆಯದೂ ಹೆಣ್ಣಾಯ್ತು. ಆಗ ಮನೆಗೊಂದೇ ಮಗು ಅನ್ನೋ ಸರ್ಕಾರದ ಕಟ್ಟಳೆ, ಇಟ್ಟುಕೊಂಡರೆ ನೀನೂ ನಿನ್ನ ಗಂಡನೂ ಗಿರಣಿ ಕೆಲಸದಿಂದ ಹೊರಗೆ. ಇಟ್ಟುಕೊಳ್ಳದಿದ್ದರೆ ಇನ್ನೊಂದು ಸಲ ನೋಡಬಹುದು. ಲೆಕ್ಕ ಸುಲಭ. ಆ ಮೊಮ್ಮಗನೂ ಹುಟ್ಟಲಿಲ್ಲ. ಚೆನ್ನಾಗಾಯ್ತು ಅನ್ನಬಾರದು, ಸತ್ತೋರು. ಆದರೂ ಅಂತೀನಿ, ಚೆನ್ನಾಗಾಯ್ತು.

ನೀನು ಪಾಪ, ಯುಯಾಂಗ್ ಮೇಷ್ಟ್ರನ್ನು ನಂಬಿಕೊಂಡು ಹನ್ನೊಂದು ಚಳಿಗಾಲ ಸ್ವೆಟರ್ ಹೆಣೆದೆ. ಪ್ರತಿ ವರ್ಷ ಒಂದು ಅಳತೆ ದೊಡ್ಡದು. ಅತ್ತೆ ಕೈಗೆ ಕೊಡೋದು, ಅವರು ಕಳಿಸ್ತೀನಿ ಅನ್ನೋದು. ಅಯ್ಯೋ, ಎಂಥಾ ಹೆಣಿಗೆ! ಆ ಹಳದೀದು, ಮರದ ಗುಂಡಿಯದು, ಅಂಗಡಿಯಲ್ಲೂ ಸಿಗಲ್ಲ ಅಂಥದ್ದು...

ಏನು? ಯಾಕೆ ಕೈ ನಿಲ್ಲಿಸಿದೆ?

ನೀನೇ ತೋರಿಸಿದ್ದೆಯಲ್ಲ. ತೋರಿಸಿರಲಿಲ್ವಾ? ಯಾರಿಗೂ ತೋರಿಸದೆ ಹೆಣೀತಿದ್ದೆಯಾ... ಹಾಗಿದ್ದರೆ ಅತ್ತೆ ಹೇಳಿರಬೇಕು. ಹೌದು, ಅತ್ತೆಯೇ.

ಇರಲಿ. ನಾಳೆಯ ವಿಷಯ ಮಾತಾಡೋಣ, ನಾನು ಬಂದಿರೋದೇ ಅದಕ್ಕೆ. ಹನ್ನೊಂದು ಗಂಟೆಗೆ ಹೋಟೆಲಲ್ಲಿ ಅಲ್ವಾ? ನಾನು ಜೊತೆಗೆ ಬರ್ತೀನಿ. ಅವಳಿಗೆ ನಮ್ಮ ಭಾಷೆ ಬರಲ್ಲ, ನಿನಗೆ ಅವಳದು ಬರಲ್ಲ. ನಲವತ್ತು ವರ್ಷ ಇಂಗ್ಲಿಷ್ ಕಲಿಸಿದ ಶಿಕ್ಷಕಿ ಮನೆಯಲ್ಲೇ ಇರೋವಾಗ ಹೊರಗಿನೋರು ಯಾಕೆ? ಬೇಸಿಗೆ ರಜೆಯಲ್ಲೆಲ್ಲ ದತ್ತು ತಗೊಳ್ಳೋಕೆ ಬರ್ತಿದ್ದ ಆ ಅಮೆರಿಕದ ಗುಂಪುಗಳಿಗೆ ದುಭಾಷಿ ಯಾರು? ನಾನೇ, ಕ್ವಾಂಗ್ ರೂಯಿಂಗ್. ದತ್ತು ಕಚೇರಿಯಲ್ಲಿ ಇವತ್ತಿಗೂ ಕೇಳು, "ರೂಯಿಂಗ್ ಮೇಡಂ ಅನುವಾದ ಅಂದರೆ ಒಂದು ಅಕ್ಷರ ಆಚೀಚೆ ಇಲ್ಲ" ಅಂತಾರೆ.

ಅದೇನು ತೋರಿಸ್ತಿದ್ದೀಯ... ಫೋನಾ? ಫೋನು ಅನುವಾದ ಮಾಡುತ್ತಾ! ಮಾಡುತ್ತೆ, ಮಾಡುತ್ತೆ. ಹೋದ ವಾರ ನನ್ನ ಫೋನು "ಅಜ್ಜಿಗೆ ಹುಷಾರಿಲ್ಲ" ಅನ್ನೋದನ್ನ "ಅಜ್ಜಿ ಜಾಣೆಯಲ್ಲ" ಅಂತ ಮಾಡಿಟ್ಟಿತು. ನೀನು ಇಪ್ಪತ್ತೈದು ವರ್ಷದ ದುಃಖ ಹೇಳ್ಕೊ, ಅದು ಅವಳಿಗೆ ಹವಾಮಾನ ವರದಿ ಓದುತ್ತೆ. ಇಂಥ ಮಾತಿಗೆ ಮನುಷ್ಯರು ಬೇಕು ಕಣೇ. ಯಾವುದನ್ನ ಹೇಳಬೇಕು, ಯಾವುದನ್ನ ಸ್ವಲ್ಪ ತಗ್ಗಿಸಿ ಹೇಳಬೇಕು ಅಂತ ಫೋನಿಗೆ ಏನು ಗೊತ್ತು?

ಹಾಗೆ ನೋಡಬೇಡ. ತಗ್ಗಿಸಿ ಅಂದರೆ ಸುಳ್ಳು ಅಂತಲ್ಲ.

ಅವಳು ಏನೇನು ಬರೆದಿದ್ದಾಳೆ? ಚಿಂಗ್ ಪೂರ್ತಿ ಹೇಳಲಿಲ್ಲ. ಹೆಸರು ನೋರಾ ಅಂತೆ. ಸಾಕಿದೋರು ಒಳ್ಳೆಯೋರಂತೆ. ಅದು ನಿಜ. ತಾಯಿ ಮಾರ್ಲೀನ್, ಬೆವರು ಒರೆಸಿಕೊಳ್ಳೋಕೂ ಪುರುಸೊತ್ತಿಲ್ಲದ ಹಾಗೆ ಮಗು ಸಾಕೋದು ಹೇಗೆ ಅನ್ನೋ ಪುಸ್ತಕಗಳನ್ನ ಹೊತ್ತುಕೊಂಡು ಬಂದಿದ್ದಳು. ತಂದೆ ಡ್ವೈಟ್, ಬಾಗಿಲಿಗಿಂತ ಉದ್ದ...

ಹೌದು. ನೋಡಿದೀನಿ. ಅವರು ಬಂದದ್ದು ನಾನಿದ್ದ ಗುಂಪಿನಲ್ಲೇ. ಹೇಳೋಣ ಅಂತಲೇ ಇದ್ದೆ! ಬೆಳಿಗ್ಗೆ ಚಿಂಗ್ ಆ ಹೆಸರುಗಳನ್ನ ಹೇಳಿದ ತಕ್ಷಣ ನೆನಪಾಯ್ತು. ಅಲ್ಲಿವರೆಗೆ ನನಗೇನು ಗೊತ್ತು? ಹನ್ನೆರಡು ಸಂಸಾರ, ಹನ್ನೆರಡು ಮಕ್ಕಳು. ಆ ವರ್ಷ ಅನಾಥಾಲಯದವರು ಎಲ್ಲಕ್ಕೂ ನಿಂಗ್ ಅನ್ನೋ ಒಂದೇ ಮನೆತನದ ಹೆಸರು ಕೊಟ್ಟಿದ್ದರು. ನಿಂಗ್ ಇದು, ನಿಂಗ್ ಅದು. ಆಯಾಗಳೇ ಗಲಿಬಿಲಿ. ಒಬ್ಬ ಗಂಡಸು ಬೇರೆಯವರ ಮಗು ಎತ್ತಿಕೊಂಡು ಹತ್ತು ನಿಮಿಷ ಅತ್ತ, ಆಮೇಲೆ ಕೈ ಬದಲಾಯಿಸಿ ಮತ್ತೆ ಮೊದಲಿಂದ ಅತ್ತ. ಅಂಥ ಸಂತೆಯಲ್ಲಿ ನಾನು ಯಾರನ್ನ ಅಂತ ಗುರುತಿಸಲಿ?

ಕಚೇರಿ ಮೂರನೇ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ಜುಲೈ ಸೆಕೆ, ಈ ಊರಿನ ಸೆಕೆ ನಿನಗೆ ಹೇಳಬೇಕಾ. ಅಧಿಕಾರಿ ಒಂದೊಂದೇ ಜೋಡಿಯನ್ನ ಮೇಜಿನ ಮುಂದೆ ನಿಲ್ಲಿಸಿ ಕೇಳ್ತಿದ್ದ: "ಈ ಮಗುವನ್ನ ಎಂದಿಗೂ ಕೈಬಿಡೋದಿಲ್ಲ, ಹಿಂಸಿಸೋದಿಲ್ಲ ಅಂತ ಮಾತು ಕೊಡ್ತೀರಾ?" ನಾನು ಅದನ್ನ ಇಂಗ್ಲಿಷಿಗೆ ತಿರುಗಿಸೋದು. ಅವರು "ಕೊಡ್ತೀವಿ" ಅನ್ನೋದು. ನೋಡು ತಮಾಷೆ, ಹೆತ್ತವರನ್ನ ಯಾರೂ ಈ ಪ್ರಶ್ನೆ ಕೇಳಲ್ಲ. ಆಮೇಲೆ ಮೊಹರಿನ ಕೆಂಪು ಮಸಿಯನ್ನ ಮಗುವಿನ ಅಂಗಾಲಿಗೆ ಬಳಿದು ಕಾಗದದ ಮೇಲೆ ಒತ್ತೋದು. ಅಷ್ಟಾದರೆ ಮುಗೀತು. ಪಾದ ಬಿದ್ದ ಮೇಲೆ ಆ ಮಗು ಅಮೆರಿಕದ್ದು.

ಪಾದ ಹಿಡಿದುಕೊಳ್ಳೋ ಕೆಲಸ ಆಯಾದು. ಆದರೆ ಆ ಮಗು... ಅದು ಒದೀತಿತ್ತು. ಮಾರ್ಲೀನ್ ಹೆದರಿಕೊಂಡು "ಮೇಡಂ, ನೀವು ಹಿಡೀರಿ" ಅಂದಳು. ಹಿಡಿದೆ. ಕಿರುಬೆರಳು. ಉಗುರು ಎರಡು ಸೀಳು. ಅಪ್ಪನಿಗಿದ್ದ ಹಾಗೆ. ನಿನಗಿರೋ ಹಾಗೆ, ನನಗಿರೋ ಹಾಗೆ.

ದೇಶದಲ್ಲಿ ಅರ್ಧ ಜನಕ್ಕೆ ಹಾಗಿರುತ್ತೆ! ಅಂಥ ಉಗುರು ಕಂಡ ತಕ್ಷಣ "ನಿಲ್ಲಿಸಿ" ಅಂತ ಕಿರುಚೋಕಾಗುತ್ತಾ? ಅಷ್ಟರಲ್ಲಿ ಪಾದ ಒತ್ತಿ ಆಗಿತ್ತು. ಕೆಂಪು ಮಸಿ ನನ್ನ ಕೈಗೂ ಹತ್ತಿತ್ತು. ನಾಲ್ಕು ದಿನ ಹೋಗಲಿಲ್ಲ.

ಒಂದು ಮಾತು ಹೇಳ್ತೀನಿ, ಬೇರೆಯವರಿಂದ ಗೊತ್ತಾಗೋದಕ್ಕಿಂತ ನನ್ನಿಂದಲೇ ಗೊತ್ತಾಗಲಿ. ಮಾರ್ಲೀನ್ ಆಗ ಕೇಳಿದಳು, "ಇವಳ ತಾಯಿ ಬಗ್ಗೆ ಏನಾದರೂ ಗೊತ್ತಿದೆಯಾ, ಅಧಿಕಾರಿಯನ್ನ ಕೇಳಿ" ಅಂತ. ಒಳ್ಳೆ ಹೆಂಗಸು. ನಾನು ಅಧಿಕಾರಿ ಕಡೆ ತಿರುಗಿ "ಇಲ್ಲಿ ಕೈ ತೊಳೆಯೋಕೆ ನೀರೆಲ್ಲಿದೆ?" ಅಂದೆ. ಅವನು ತಲೆ ಅಲ್ಲಾಡಿಸಿದ, ಆ ಮಹಡಿಯಲ್ಲಿ ನೀರಿಲ್ಲ. ನಾನು ಅವಳಿಗೆ ಹೇಳಿದೆ, "ಏನೂ ಗೊತ್ತಿಲ್ಲವಂತೆ. ದಾರಿಹೋಕರೊಬ್ಬರು ತರಕಾರಿ ಮಾರುಕಟ್ಟೆ ಗೇಟಿನ ಹತ್ತಿರ ಕಂಡರಂತೆ. ಕಿತ್ತಳೆ ಹಣ್ಣಿನ ಪೆಟ್ಟಿಗೆಯಲ್ಲಿ, ನೀಲಿ ದುಪ್ಪಟಿಯಲ್ಲಿ ಸುತ್ತಿ."

ಅಷ್ಟೇ. ಅದೇ ಅವಳಿಗೆ ಸಿಕ್ಕಿದ ಕಥೆ. ಮಗು ಮಲಗೋವಾಗೆಲ್ಲ ಹೇಳಿರ್ತಾಳೆ, ದಾರಿಹೋಕರು, ಕಿತ್ತಳೆ ಪೆಟ್ಟಿಗೆ...

ಯಾಕೆ ಹೇಳಲಿಲ್ಲ ಅಂತೀಯಾ? ನೀನು ಅನ್ನಲ್ಲ, ನಿನ್ನ ಮುಖ ಅನ್ನುತ್ತೆ. ಹೇಳಿದ್ದರೆ ಏನಾಗ್ತಿತ್ತು, ಬುದ್ಧಿ ಇಟ್ಟುಕೊಂಡು ಯೋಚಿಸು. ಆ ಮಗುವನ್ನ ವಾಪಸ್ ಕೊಡ್ತಿದ್ದರಾ? ನಿನ್ನ ಕೆಲಸ ಹೋಗ್ತಿತ್ತು, ಗಂಡನದು ಹೋಗ್ತಿತ್ತು, ಚಿಂಗ್ ಓದು ನಿಲ್ತಿತ್ತು. ಆ ಮುದುಕಿ ಮಗುವನ್ನ ಮತ್ತೆ ಇನ್ನೆಲ್ಲಿಗೋ ದಾಟಿಸ್ತಿದ್ದಳು, ಬೆಟ್ಟದ ಯಾವುದೋ ಹಳ್ಳಿಗೆ, ಯಾವ ಮನೆಗೋ ಮುಂದಕ್ಕೆ ಸೊಸೆಯಾಗಲಿ ಅಂತ. ಓದಿದೋರು ಯಾರಾದರೂ ಆ ಜಾಗದಲ್ಲಿದ್ದಿದ್ದರೆ ಏನು ಮಾಡ್ತಿದ್ದರು? ಹಳ್ಳಿಗಿಂತ ಅನಾಥಾಲಯ ಮೇಲು ಅಂತಿದ್ದರು, ಅನಾಥಾಲಯದಿಂದ ವಿದೇಶಕ್ಕೆ ಹೋಗುತ್ತೆ, ಶಾಲೆಗೆ ಹೋಗುತ್ತೆ, ಉಸಿರಾಡುತ್ತೆ ಅಂತಿದ್ದರು. ಅದಕ್ಕೇ ಆ ಗುಂಪಿಗೆ ನಾನೇ ಕೇಳಿ ಹಾಕಿಸಿಕೊಂಡದ್ದು, ಯಾರ ಕೈಗೆ ಬೀಳ್ತಾಳೋ ಕಣ್ಣಾರೆ ನೋಡೋಣ ಅಂತ...

ಅಲ್ಲ. ಅಂದರೆ, ಹಾಗಲ್ಲ. ಯಾವುದೋ ಗುಂಪಿಗೆ. ಮಾತಿನ ಭರದಲ್ಲಿ ಬಂತು.

ರೂಫೆನ್, ಏನಾದರೂ ಅನ್ನು. ಬಯ್ಯಿ. ಆ ಬೀಜ ಕೆಳಗಿಡು, ಅದರ ಹಸಿರು ಮೊಳಕೆ ತೆಗೆದು ತೆಗೆದು ನಿನ್ನ ಉಗುರೆಲ್ಲ ಕಪ್ಪಾಗಿದೆ.

ಸ್ವೆಟರ್ ನನ್ನ ಹತ್ತಿರ ಇವೆ. ಹನ್ನೊಂದೂ ಇವೆ. ನಿನ್ನ ಅತ್ತೆ ತಂದು ಕೊಡ್ತಿದ್ದರು, "ಎಲ್ಲಾದರೂ ಬಿಸಾಕು" ಅಂತ. ಬಿಸಾಕೋಕೆ ಮನಸ್ಸು ಬರಲಿಲ್ಲ. ಟ್ರಂಕಿನಲ್ಲಿಟ್ಟು ಪ್ರತಿ ವರ್ಷ ಕರ್ಪೂರ ಬದಲಾಯಿಸಿದೀನಿ, ಒಂದಕ್ಕೂ ಹುಳ ಬಿದ್ದಿಲ್ಲ. ನಾಳೆ ತರ್ತೀನಿ, ಅವಳಿಗೆ ನೀನೇ ಕೊಡು. ನಾನು ಮಾತು ತಿರುಗಿಸ್ತೀನಿ, "ನಿಮ್ಮಮ್ಮ ಪ್ರತಿ ವರ್ಷ ಹೆಣೆದಳು" ಅಂತ ಹೇಳ್ತೀನಿ, ಒಂದು ಅಕ್ಷರ ಬಿಡದೆ ಹೇಳ್ತೀನಿ. ಆಗಬಹುದಾ? ಅಷ್ಟಕ್ಕಾದರೂ ನನ್ನ ಕರ್ಕೊಂಡು ಹೋಗು.

ತಲೆ ಅಲ್ಲಾಡಿಸಬೇಡ. ಮಾತಾಡು!

ನಾನು ಬಂದು ಒಂದು ಗಂಟೆಯಾಯ್ತು. ಇಷ್ಟೆಲ್ಲ ಹೇಳಿದೆ. ನೀನು ಒಂದೇ ಒಂದು ಪ್ರಶ್ನೆ ಕೇಳಿಲ್ಲ, ಗೊತ್ತಾ? ಯಾರಾದರೂ ಮೊದಲು ಕೇಳಬೇಕಾದದ್ದು ಅದನ್ನೇ. ನಿನ್ನ ಅತ್ತೆಗೆ ಮೊಣಕಾಲು ನೋವು, ಬೀದಿ ದಾಟೋಕೂ ಆಗ್ತಿರಲಿಲ್ಲ. ನಿನ್ನ ಗಂಡ ಗಿರಣಿಯಲ್ಲಿದ್ದ. ಹಾಗಾದರೆ ಮಗುವನ್ನ ಮನೆಯಿಂದ ಎತ್ತಿಕೊಂಡು ಹೋದೋರು ಯಾರು? ಆ ಒಂದನ್ನ ನೀನು ಯಾಕೆ ಕೇಳ್ತಿಲ್ಲ?

ಕೇಳು. ಏನೋ ಒಂದು ಹೇಳ್ತೀನಿ. ಕೇಳು, ರೂಫೆನ್.

...ಕೇಳಬೇಕಾಗಿಲ್ಲ. ಅಲ್ವಾ?

ಆ ಬುಟ್ಟಿಯ ಕೆಳಗಿರೋ ಕಾಗದ ಏನು?

ಇದನ್ನ ಯಾರು ಕೊಟ್ಟರು? ಅವಳೇ ಕಳಿಸಿದಳಾ... ಅನಾಥಾಲಯದ ಕಡತ ತೆಗೆಸಿದಳಾ. ಕೊಡ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಪ್ರತಿ ಮಾತ್ರ ಅವರ ಕೈಗೆ ಹೋಗ್ತಿತ್ತು. ಇಂಗ್ಲಿಷ್ ಪ್ರತಿ ಬರೀತಿದ್ದದ್ದು ನಾನು. "ದಾರಿಹೋಕರೊಬ್ಬರು", ಬರೆದದ್ದು ನಾನೇ, ಹನ್ನೆರಡಕ್ಕೂ ಹಾಗೇ ಬರೆದೆ, ಒಂದಕ್ಕೆ ಮಾತ್ರ ಬರೆದರೆ ಎದ್ದು ಕಾಣುತ್ತೆ ಅಂತ. ಇದು ಇಂಗ್ಲಿಷಿನದಲ್ಲ. ಇದು ಠಾಣೆಯಲ್ಲಿ ಬರೆಸಿಕೊಂಡ ಮೂಲ. ನಮ್ಮ ಅಕ್ಷರ. ನೀನೇ ಓದಿರ್ತೀಯ. ಇದಕ್ಕೆ ದುಭಾಷಿ ಬೇಕಾಗಿಲ್ಲ.

"ಮಗುವನ್ನು ಕಂಡು ತಂದೊಪ್ಪಿಸಿದವರು: ಕ್ವಾಂಗ್ ರೂಯಿಂಗ್, ಶಾಲಾ ಶಿಕ್ಷಕಿ."